ವೇಷದಕ್ಕನ ಅಟ್ಟಕ್ಕೆ ಹಿಡಿದ ಬೂಷ್ಟು

ರಾಜ ಸಿಂಹಾಸನದ ಮೇಲೆ ಕುಳಿತು "ಯಾರಲ್ಲಿ" ಎಂದು ಗುಡುಗಬೇಕಿತ್ತು. "ಯಾ" ಎನ್ನುವಷ್ಟರಲ್ಲಿ ಸೀನಿದ. ಮಂತ್ರಿ ಬಂದು ನಡು ಬಗ್ಗಿಸಿದವನು ಮೇಲೇಳುವಾಗ ಸೀನಿದ. ಸೇನಾಪತಿ ಕತ್ತಿ ಹಿರಿದ, ಸೀನಿದ, ಕತ್ತಿ ಠಣ್ಣೆಂದು ಕೆಳಗೆ ಬಿತ್ತು. ಶಾಲೆಯ ಆ ನಾಟಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ಸೀನುಗಳು ನಡೆದವು. ಮಕ್ಕಳ ಅಪ್ಪ ಅಮ್ಮಂದಿರು ಇದು ಹಾಸ್ಯನಾಟಕವೆಂದೇ ತಿಳಿದು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗದೆ ಉಳಿದವರು ಇಬ್ಬರೇ. ಒಬ್ಬರು, ಅದನ್ನು ಘೋರ ದುರಂತವೆಂದು ಬರೆದು ತಿಂಗಳುಗಟ್ಟಲೆ ಕಲಿಸಿದ್ದ ನಾಟಕದ ಟೀಚರ್. ಇನ್ನೊಬ್ಬಳು, ಪರದೆಯ ಹಿಂದೆ ಸೂಜಿದಾರ ಹಿಡಿದು ನಿಂತಿದ್ದ ವೇಷದಕ್ಕ.

ಮರುದಿನ ಬಟ್ಟೆಯ ಗಂಟು ವಾಪಸು ಕೊಡಲು ಟೀಚರ್ ತಾವೇ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಅಕ್ಕಾ, ನಿಮ್ಮ ಬಟ್ಟೆ ವಾಸನೆ ಬರ್ತಿದೆ. ಹಳಸಿದ ಬ್ರೆಡ್ ವಾಸನೆ. ಇಷ್ಟು ವರ್ಷದ ಪರಿಚಯ ಅಂತ ಹೇಳ್ತಿದೀನಿ. ರಜ ಮುಗಿದ ಮೇಲೆ ಮುಂದಿನ ನಾಟಕ. ಅದಕ್ಕೆ ಮುಂಚೆ ನಾನೇ ಬಂದು ಒಂದೊಂದನ್ನೂ ಮೂಸಿ ನೋಡ್ತೀನಿ. ಸರಿ ಇದ್ರೆ ತಗೋತೀನಿ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ."

ಬೇಜಾರು ಮಾಡಿಕೊಳ್ಳದೆ ಇನ್ನೇನು ಮಾಡುವುದು? ಊರಿನ ನಾಟಕದ ಟೀಚರುಗಳೆಲ್ಲ ಒಬ್ಬರಿಗೊಬ್ಬರು ಫೋನ್ ಮಾಡುವವರು. ಈ ಶಾಲೆ ಕೈಬಿಟ್ಟರೆ ಉಳಿದವೂ ಸಾಲಾಗಿ ಬಿಡುತ್ತವೆ. ವೇಷದಕ್ಕನ ಕಸುಬು ಅಲ್ಲಿಗೆ ಮುಗಿದ ಹಾಗೆ.

ಆ ಕಸುಬು ಹುಟ್ಟಿದ್ದು ಒಂದು ಹಳೆ ಕಂಬಳಿಯಿಂದ. ಮದುವೆಯಾದ ಹೊಸತರಲ್ಲಿ ಪಕ್ಕದ ಮನೆಯ ಹುಡುಗಿಗೆ ಸಿಂಹ ಆಗಬೇಕಿತ್ತು, ಇವಳ ಹತ್ತಿರ ಹೊಲಿಗೆ ಯಂತ್ರವಿತ್ತು. ಕಂಬಳಿ ಸಿಂಹವಾಯಿತು. ಸಿಂಹ ಬೀದಿಯಿಂದ ಬೀದಿಗೆ, ಶಾಲೆಯಿಂದ ಶಾಲೆಗೆ ಬಾಡಿಗೆಗೆ ಓಡಾಡಿತು. ಅದರ ಹಿಂದೆ ಕರಡಿ ಬಂತು, ಮರಗಳು ಬಂದವು, ರಾಜ ರಾಣಿ ಪರಿವಾರ ಸಮೇತ ಬಂದರು. ಕೆಳಗೆ ಇದ್ದದ್ದು ಎರಡು ಕೋಣೆ. ಹಜಾರದ ಸೂರಿನ ಕಿಂಡಿಗೆ ಏಣಿ ಹಾಕಿ ಅಟ್ಟಕ್ಕೆ ಹತ್ತಿದರೆ ಮೇಲೆ ಇಳಿಜಾರು ಮಾಡಿನ ಕೆಳಗೆ ಬೇಕಾದಷ್ಟು ಜಾಗ. ಸಾಮ್ರಾಜ್ಯ ಅಲ್ಲಿಗೆ ವರ್ಗವಾಯಿತು. ಹೆಸರು ಹಿಡಿದು ಕರೆಯುವವರೇ ಇಲ್ಲದಂತಾಗಿ, ಅವಳು ಎಲ್ಲರಿಗೂ ವೇಷದಕ್ಕನಾದಳು.

ಗಂಡ ಫ್ರಿಜ್ ರಿಪೇರಿಯವನು. ಅವನನ್ನು ತಂಪಣ್ಣ ಎನ್ನುತ್ತಾರೆ. ಕಸುಬಿಗೂ ಸರಿ, ಸ್ವಭಾವಕ್ಕೂ ಸರಿ. ಅವನ ತಲೆ ಎಂದೂ ಬಿಸಿಯಾಗುವುದಿಲ್ಲ. ಒಳಗಿನ ಬಿಸಿಯನ್ನೆಲ್ಲ ಹಿಂಬದಿಯಿಂದ ಹೊರಗೆ ಬಿಡುವುದು ಫ್ರಿಜ್ಜಿನ ಧರ್ಮ. ತಂಪಣ್ಣನ ಹಿಂಬದಿಯಲ್ಲಿ ಸದಾ ನಿಂತಿರುವವಳು ಹೆಂಡತಿ.

ಟೀಚರ್ ಹೋದ ಮೇಲೆ ವೇಷದಕ್ಕ ಟಾರ್ಚ್ ಹಿಡಿದು ಅಟ್ಟ ಹತ್ತಿದಳು. ದಿನವೂ ಹತ್ತುವ ಅಟ್ಟವೇ. ಆದರೆ ಬಟ್ಟೆ ಹುಡುಕುವವರು ಪೆಟ್ಟಿಗೆ ನೋಡುತ್ತಾರೆ, ಮಾಡು ನೋಡುವುದಿಲ್ಲ. ಈಗ ಟಾರ್ಚನ್ನು ಮೇಲಕ್ಕೆ ತಿರುಗಿಸಿದಳು. ಹಲಗೆಗಳ ಮೇಲೆ ಯಾರೋ ಕಪ್ಪು ಶಾಯಿ ಕೊಡವಿದಂತೆ ಚುಕ್ಕೆಗಳು. ಮೂಲೆಗಳಲ್ಲಿ ಚುಕ್ಕೆಗಳು ಸೇರಿ ಭೂಪಟವಾಗಿದ್ದವು. ತೊಲೆಯ ಪಕ್ಕದಲ್ಲಿ ಬೆಳ್ಳಗೆ ಹತ್ತಿಯಂಥ ಪೊರೆ. ರಾಜನ ಮಖಮಲ್ಲಿನ ಅಂಗಿಯ ಬೆನ್ನ ಮೇಲೆ ಹಸಿರು ಪುಡಿ. ಗಡ್ಡಗಳ ಪೆಟ್ಟಿಗೆ ತೆರೆದರೆ ಋಷಿಗಳ ಗಡ್ಡಕ್ಕೇ ಗಡ್ಡ ಬಂದಿತ್ತು. ಅಟ್ಟದ ಮೇಲೆ ಬೂಷ್ಟಿನ ಅಟ್ಟಹಾಸ.

"ಬೂಷ್ಟಲ್ಲ ಕಣೇ, ಧೂಳು," ಎಂದ ತಂಪಣ್ಣ, ಏಣಿಯ ಅರ್ಧದಲ್ಲಿ ನಿಂತು, ನೋಡುವ ಮೊದಲೇ.

"ಹಲಗೆ ಬಣ್ಣಾನೇ ಹಾಗೆ," ಎಂದರು ಅತ್ತೆ, ತಂಪಣ್ಣನ ತಾಯಿ, ಕೆಳಗಿನಿಂದ. ಅವರು ಅಟ್ಟ ಹತ್ತಿ ವರ್ಷಗಳೇ ಆಗಿದ್ದವು. "ನಾನು ಬಂದಾಗಿಂದ ಹಾಗೇ ಇದೆ."

ವೇಷದಕ್ಕ ಬ್ಲೀಚಿಂಗ್ ಪುಡಿ ಕದಡಿದ ನೀರಿನಲ್ಲಿ ಚಿಂದಿ ಅದ್ದಿ ಒಂದು ಕಪ್ಪು ಚುಕ್ಕೆಗೆ ಒತ್ತಿ ಹಿಡಿದಳು. ಧೂಳಾಗಿದ್ದರೆ ಕಪ್ಪಗೇ ಉಳಿಯುತ್ತಿತ್ತು. ನೋಡುನೋಡುತ್ತ ಚುಕ್ಕೆ ಮಾಸಿ ಬೆಳ್ಳಗಾಯಿತು.

"ಇದು ಬಣ್ಣಾನಾ ಅತ್ತೆ?"

"ನೀನು ಏನೇನೋ ಹಚ್ಚಿದ್ರೆ ಬಣ್ಣ ಹೋಗದೆ ಇರುತ್ತಾ," ಎಂದರು ಅತ್ತೆ.

ಬೂಷ್ಟೆಂದು ತಂಪಣ್ಣ ಒಪ್ಪಿಕೊಂಡ. ಒಪ್ಪಿಕೊಂಡು ಮಾಡಿದ್ದೇನು? ಅವಳು ಬೇರೊಂದು ಶಾಲೆಗೆ ಕಿರೀಟ ಕೊಡಲು ಹೋಗಿದ್ದಾಗ ಪೇಂಟ್ ಅಂಗಡಿಯವನ ಮಾತು ಕೇಳಿ ಬೂಷ್ಟು ತಡೆಯುವ ಬಣ್ಣದ ಡಬ್ಬಿ ತಂದು ಇಡೀ ಮಾಡಿಗೆ ಬಳಿದುಬಿಟ್ಟ. ಬೂಷ್ಟನ್ನು ಕೆರೆಯದೆ, ಒರೆಸದೆ, ಅದರ ಮೇಲೆಯೇ. ಸಂಜೆ ಅವಳು ಬಂದಾಗ ಹಾಲಿನಂಥ ಸೂರು ತೋರಿಸಿ, "ಹೇಗಿದೆ?" ಎಂದು ಕೇಳಿದ. ಅವಳು ಚೆನ್ನಾಗಿದೆ ಎಂದಳು. ನಿಜಕ್ಕೂ ಚೆನ್ನಾಗಿತ್ತು. ರಜದ ಅರ್ಧ ಕಳೆಯುವ ಹೊತ್ತಿಗೆ ಆ ಹಾಲು ಒಡೆಯಿತು. ಬಣ್ಣ ಉಬ್ಬಿ, ಸಿಪ್ಪೆಸಿಪ್ಪೆಯಾಗಿ ಎದ್ದು, ಅದರ ಕೆಳಗಿನಿಂದ ಹಳೆಯ ಭೂಪಟ ಇನ್ನೂ ಒಂದೆರಡು ಖಂಡಗಳೊಡನೆ ಹೊರಬಂತು.

"ಮಾಡು ಸೋರ್ತಿರಬೇಕು," ಎಂದ ತಂಪಣ್ಣ.

"ರೀ, ಮಳೆ ಬಂದು ಎಷ್ಟು ಕಾಲ ಆಯ್ತು? ಸೋರೋಕೆ ಮೇಲಿಂದ ಏನಾದ್ರೂ ಬೀಳ್ಬೇಕಲ್ಲ."

"ಅದೂ ಹೌದು," ಎಂದು ಅವನು ಚಹಾ ಹೀರಿದ. ಅವನ ಆ 'ಅದೂ ಹೌದು' ಕೇಳಿದರೆ ಅವಳಿಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಜಗಳಕ್ಕೆ ಒಂದು ಹಿಡಿಕೆಯನ್ನಾದರೂ ಬಿಡಬೇಡವೇ ಮನುಷ್ಯ?

ಆದರೆ ಆ ಜಗಳದಿಂದ ಒಂದು ಉಪಕಾರವಾಯಿತು. ಮಳೆಯಲ್ಲದಿದ್ದರೆ ನೀರು ಎಲ್ಲಿಂದ ಎಂಬ ಪ್ರಶ್ನೆ ಅವಳ ತಲೆಗೆ ಹೊಕ್ಕು ಕುಳಿತಿತು. ಮರುದಿನ ಬೆಳಿಗ್ಗೆ ಮೇಲೆ ಹೋಗಿ ಸುಮ್ಮನೆ ಕುಳಿತಳು. ಹಲಗೆಯಿಂದ ಇಣುಕುವ ಮೊಳೆಗಳ ತುದಿಯೆಲ್ಲ ತುಕ್ಕು ಹಿಡಿದಿತ್ತು. ಪೇಂಟಿನ ಮೇಲೆ ಕೈಯಾಡಿಸಿದರೆ ಒಣಗಿಯೇ ಇತ್ತು. ಸ್ವಲ್ಪ ಹೊತ್ತಿನಲ್ಲಿ ಗಡ್ಡಗಳ ಪೆಟ್ಟಿಗೆಯ ಹಿಂದಿನಿಂದ ಗಂಧದ ಸೋಪಿನ ಪರಿಮಳ ಬಂತು. ಅದರ ಹಿಂದೆ ಬೆಚ್ಚನೆಯ ಹಬೆ. ಹಬೆಯ ಹಿಂದೆ, ನೀರು ಸುರಿದುಕೊಳ್ಳುವ ಸದ್ದಿನ ನಡುವೆ, ಅತ್ತೆಯ ದನಿ.

"ಗಂಟುಮೂಟೆ ಎಲ್ಲ ಮಾರಿ ಹಾಕು ಅಂದ್ರೆ ಕೇಳ್ತಾಳಾ? ಮನೆ ತುಂಬ ರಾಜರು. ಅಡುಗೆ ಮಾಡೋಕೆ ಒಬ್ಬನೂ ಇಲ್ಲ."

ವೇಷದಕ್ಕ ಪೆಟ್ಟಿಗೆ ಸರಿಸಿದಳು. ನೆಲದಿಂದ ದಪ್ಪನೆಯ ಪೈಪೊಂದು ಮೊಣಕಾಲೆತ್ತರ ಎದ್ದು ಬಾಯಿ ತೆರೆದು ನಿಂತಿತ್ತು. ಬಚ್ಚಲಿನಲ್ಲಿ ಹಬೆ ತುಂಬಿ ಕನ್ನಡಿ ಕಾಣುವುದಿಲ್ಲವೆಂದು ಅತ್ತೆ ದೂರಿದಾಗ ತಂಪಣ್ಣ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದ. "ಹೊರಗೆ ಬಿಟ್ಟಿದೀನಿ" ಎಂದೂ ಹೇಳಿದ್ದ. ಅತ್ತೆಯ ಸ್ನಾನವೆಂದರೆ ಒಂದೆರಡು ಚೊಂಬಿನ ಮಾತಲ್ಲ. ಹಂಡೆ ಖಾಲಿಯಾಗಬೇಕು, ಸೊಸೆಯ ತಪ್ಪುಗಳೂ ಮುಗಿಯಬೇಕು. ಎರಡನೆಯದು ಮುಗಿಯುವಂಥದ್ದಲ್ಲ. ಆ ಹಬೆಯೆಲ್ಲ ದಿನಾ ಇಲ್ಲಿಗೆ ಬಂದು, ರಾತ್ರಿ ತಣ್ಣಗಾದ ಹಲಗೆಗೆ ತಾಗಿ, ಹನಿಗಟ್ಟುತ್ತಿತ್ತು. ಅವಳು ನೋಡುತ್ತಿದ್ದಂತೆಯೇ ಮೊಳೆಯ ತುದಿಯಲ್ಲೊಂದು ಹನಿ ತುಂಬಿಕೊಂಡು, ರಾಣಿಯ ಸೆರಗಿನ ಮೇಲೆ ಬಿತ್ತು.

ಹಾಗಾದರೆ ಆ ಹಬೆ ಹೊರಗೆ ಹೋಗಬೇಡವೇ? ಮಾಡಿನ ಎರಡೂ ತುದಿಯ ಗೋಡೆಗಳಲ್ಲಿ, ಸೂರಂಚಿನ ಉದ್ದಕ್ಕೂ, ಗಾಳಿಕಿಂಡಿಗಳಿದ್ದದ್ದು ಅವಳಿಗೆ ನೆನಪಿತ್ತು. ಹೋಗಿ ನೋಡಿದಳು. ಪ್ರತಿಯೊಂದಕ್ಕೂ ಅಳತೆಗೆ ಕತ್ತರಿಸಿದ ಥರ್ಮೋಕೋಲ್. ಸುತ್ತ ಫ್ರಿಜ್ ಬಾಗಿಲಿನ ರಬ್ಬರ್ ಪಟ್ಟಿ. ಅದರ ಮೇಲೆ ಸಿಲಿಕಾನ್, ಬೆರಳಿನಿಂದ ನೀಟಾಗಿ ತೀಡಿದ್ದು. ತಂಪಣ್ಣನ ಜೀವಮಾನದ ಅತ್ಯುತ್ತಮ ಕೆಲಸ. ಇಡೀ ಅಟ್ಟವನ್ನು ಆತ ಒಂದು ಫ್ರಿಜ್ಜು ಮಾಡಿಟ್ಟಿದ್ದ.

ಊಟಕ್ಕೆ ಕುಳಿತಾಗ ಅವಳು ಮೆಲ್ಲಗೆ ಶುರು ಮಾಡಿದಳು.

"ರೀ, ಬಿಸಿ ಪಾತ್ರೆ ಫ್ರಿಜ್ಜಿಗಿಡಬೇಡಿ ಅಂತ ಗಿರಾಕಿಗಳಿಗೆಲ್ಲ ಹೇಳ್ತೀರಲ್ಲ, ಯಾಕೆ?"

ಇಷ್ಟವಾದ ವಿಷಯ. ತಂಪಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟ. "ಹಬೆ ಏಳುತ್ತೆ ನೋಡು. ಒಳಗೆ ತಣ್ಣಗಿರುತ್ತೆ, ಗೋಡೆಗೆ ತಾಗಿದ ತಕ್ಷಣ ನೀರಾಗುತ್ತೆ. ಬಾಗಿಲು ಬಿಗಿ, ಹೊರಗೆ ಹೋಗೋಕೆ ದಾರಿ ಇಲ್ಲ. ಅಲ್ಲೇ ಕೂತು ಕೂತು ಕೊನೆಗೆ ಎಲ್ಲದಕ್ಕೂ ಬೂಷ್ಟು..."

"ಹೇಳಿ. ಯಾಕೆ ನಿಲ್ಲಿಸಿದ್ರಿ?"

"ಅದು ಫ್ರಿಜ್ಜು ಕಣೇ. ಇದು ಅಟ್ಟ. ಬೇರೆ."

"ಹೌದು, ಬೇರೆ. ಫ್ರಿಜ್ಜಲ್ಲಿ ನಿಮ್ಮಮ್ಮ ಸ್ನಾನ ಮಾಡಲ್ಲ."

"ಈಗ ನನ್ನ ಸ್ನಾನದ ಮೇಲೂ ಕಣ್ಣು ಬಿತ್ತಾ," ಎಂದರು ಅತ್ತೆ. "ಸರಿ ಬಿಡಪ್ಪಾ. ನಾಳೆಯಿಂದ ಸ್ನಾನಾನೇ ಬೇಡ ನನಗೆ."

"ಸ್ನಾನ ಬೇಡ ಅಂದ್ನಾ ಅತ್ತೆ? ಹಬೆ ಹೊರಗೆ ಹೋಗ್ಲಿ ಅಂದೆ. ಹೊರಗೆ ಬಿಟ್ಟಿದೀನಿ ಅಂದ್ರಲ್ಲ ಇವರು?"

"ಬಚ್ಚಲಿಂದ ಹೊರಗೆ ತಾನೆ?" ಎಂದ ತಂಪಣ್ಣ. "ಗೋಡೆಗೆ ತೂತು ಹೊಡೆದ್ರೆ ಧೂಳು ಬರುತ್ತೆ. ಧೂಳು ಬರುತ್ತೆ, ಪಾರಿವಾಳ ಬರುತ್ತೆ, ಬಟ್ಟೆ ಹಾಳಾಗುತ್ತೆ, ಏನಾದ್ರೂ ಮಾಡ್ರೀ ಅಂತ ನನ್ನ ತಲೆ ತಿಂದಿದ್ದು ಯಾರು? ಅದಕ್ಕೇ ಕಿಂಡಿ ಮುಚ್ಚಿದ್ದು."

 ತಲೆ ತಿಂದದ್ದು ಅವಳೇ. ಜಾಲರಿ ಬಡಿಯುತ್ತಾನೆ ಎಂದುಕೊಂಡಿದ್ದಳು, ಗೋರಿ ಕಟ್ಟುತ್ತಾನೆ ಎಂದಲ್ಲ. ತನ್ನ ಪಾಲಿನ ತಪ್ಪು ಗೊತ್ತಾದದ್ದರಿಂದ ಅವಳ ಸಿಟ್ಟು ಕಡಿಮೆಯಾಗಲಿಲ್ಲ, ಇಮ್ಮಡಿಯಾಯಿತು.

ಗೋಡೆಗೆ ತೂತು ಕೊರೆಯುವ ವಿಚಾರವನ್ನು ತಂಪಣ್ಣ ಆಲೋಚಿಸತೊಡಗಿದ. ಪೆನ್ಸಿಲಿನಲ್ಲಿ ಗುರುತು ಹಾಕಿದ, ಅಳಿಸಿದ, ನಾಳೆ ನೋಡೋಣ ಎಂದ. ಅತ್ತೆ ಸ್ನಾನವಿಲ್ಲದೆ ಹಜಾರದಲ್ಲಿ ಕುಳಿತು ಬಂದವರಿಗೆಲ್ಲ ತಮ್ಮ ತ್ಯಾಗವನ್ನು ವಿವರಿಸಿದರು. ಟೀಚರ್ ಬರುವ ದಿನ ಹತ್ತಿರವಾಗುತ್ತಿತ್ತು. ಕೊನೆಗೆ ವೇಷದಕ್ಕ ಗಂಡನ ಡ್ರಿಲ್ಲಿಂಗ್ ಯಂತ್ರ ತೆಗೆದುಕೊಂಡು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಅಟ್ಟದ ಹೊರಗೋಡೆಗೆ ತಾನೇ ಕೊರೆಯಲು ನಿಂತಳು. ಸದ್ದು ಕೇಳಿ ಓಡಿ ಬಂದ ತಂಪಣ್ಣ ನೋಡಿದ್ದು ಸೊಟ್ಟ ಸೊಟ್ಟ ತೂತುಗಳನ್ನು. ಅವನಿಗೆ ಹೆಂಡತಿಯ ಸಿಟ್ಟು ಸಹಿಸಲು ಬರುತ್ತದೆ, ವಕ್ರ ಕೆಲಸ ಸಹಿಸಲು ಬರುವುದಿಲ್ಲ.

"ಕೊಡೇ ಇಲ್ಲಿ. ಗೋಡೇನಾ ಜರಡಿನಾ ಇದು?"

ಪೈಪು ಗೋಡೆ ದಾಟಿ ಬಯಲು ಕಂಡಿತು. ಗಾಳಿಕಿಂಡಿಗಳ ರಬ್ಬರು, ಥರ್ಮೋಕೋಲು ಕಿತ್ತು ತಂತಿಯ ಜಾಲರಿ ಬಡಿದದ್ದೂ ಅವನೇ. ಪ್ರತಿ ಕಿಂಡಿಗೂ ಒಂದು ನಿಟ್ಟುಸಿರು ಬಿಡುತ್ತ. ಅಟ್ಟದಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಗಾಳಿ ಹಾದುಹೋಯಿತು. ಸ್ನಾನ ಮುಗಿಸಿ ಬಂದ ಅತ್ತೆ, "ಫ್ಯಾನ್ ಈಗ ಜೋರಾಗಿ ಎಳೀತಿದೆ, ಚಳಿಯಾಯ್ತು," ಎಂದು ಹೊಸ ದೂರು ದಾಖಲಿಸಿದರು.

ಆಮೇಲೆ ತೊಳೆಯುವ ಕೆಲಸ. ಮೊದಲು ಮಾಡಬೇಕಾದದ್ದನ್ನು ಕೊನೆಗೆ ಮಾಡಬಾರದು, ಕೊನೆಗೆ ಮಾಡಬೇಕಾದದ್ದನ್ನು ಮೊದಲು ಮಾಡಬಾರದು ಎಂಬುದನ್ನು ಪೇಂಟ್ ಡಬ್ಬಿ ಅವಳಿಗೆ ಕಲಿಸಿತ್ತು. ತಂಪಣ್ಣ ಪೊರಕೆ ಎತ್ತಿಕೊಂಡ, ಅವಳು ಕಿತ್ತುಕೊಂಡಳು. ಒಣ ಬೂಷ್ಟನ್ನು ಗುಡಿಸಿದರೆ ಪುಡಿಯೆಲ್ಲ ಹಾರಿ ಮನೆ ತುಂಬ ಕೂರುತ್ತದೆ. ಮೂಗಿಗೆ ಮಾಸ್ಕ್, ಕೈಗೆ ಗವಸು, ಏಣಿಯ ಕಿಂಡಿಗೆ ಪ್ಲಾಸ್ಟಿಕ್ ಹಾಳೆ. ಸೋಪಿನ ನೀರು ಚಿಮುಕಿಸಿ, ನೆನೆಸಿ, ಬ್ರಷ್ಷಿನಿಂದ ಉಜ್ಜಿ, ಒರೆಸಿ, ಒರೆಸಿದ ಚಿಂದಿಯನ್ನು ಅಲ್ಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದಳು. ಎದ್ದ ಬಣ್ಣವನ್ನೂ ನೆನೆಸಿಯೇ ಕೆರೆದಳು. ಹಲಗೆ ಪೂರ್ತಿ ಒಣಗುವವರೆಗೆ ಒಂದು ಪೆಟ್ಟಿಗೆಯನ್ನೂ ಮೇಲೆ ಹತ್ತಿಸಲಿಲ್ಲ.

ಬಟ್ಟೆಗಳದ್ದು ಬೇರೆ ಸಂಕಟ. ಸೈನಿಕರು, ಸೇವಕರು, ಮಂತ್ರಿ, ಮರಗಳು ಎಲ್ಲ ಹತ್ತಿಬಟ್ಟೆ; ಬಿಸಿನೀರಿನಲ್ಲಿ ಕುದಿಸಿ, ಒಗೆದು, ಬಿಸಿಲಿಗೆ ಹಾಕಿದರೆ ಹೊಸಬರಾದರು. ಆದರೆ ರಾಜನ ಮಖಮಲ್ಲು ನೀರು ಕಂಡರೆ ಸಾಯುತ್ತದೆ. ಬಿಸಿಲಿಗಿಟ್ಟಳು, ನಯವಾದ ಬ್ರಷ್ಷಿನಿಂದ ಉಜ್ಜಿದಳು; ಹಸಿರು ಹೋಯಿತು, ವಾಸನೆ ಅಸ್ತರಿನೊಳಗೆ ಕುಳಿತೇ ಇತ್ತು. ಗಡ್ಡಗಳೂ ಹಾಗೆಯೇ. ಆ ಅಂಗಿಯ ಕುಸುರಿಗೆ ಅವಳು ಒಂದು ಚಳಿಗಾಲವನ್ನೇ ಕೊಟ್ಟಿದ್ದಳು. ಕತ್ತರಿಯಿಂದ ಗುಂಡಿಗಳನ್ನು ಮಾತ್ರ ಬಿಡಿಸಿಕೊಂಡು ಉಳಿದದ್ದನ್ನು ಚೀಲಕ್ಕೆ ತುಂಬಿದಳು. ಆಗ ಅತ್ತೆ ಹತ್ತಿರ ಬಂದು ಒಂದು ಮಾತೂ ಆಡದೆ ಚೀಲದ ಬಾಯಿ ಹಿಡಿದುಕೊಂಡರು. ಬೈದಿದ್ದರೆ ವಾಸಿಯಿತ್ತು, ಅಳು ಬರುತ್ತಿರಲಿಲ್ಲ.

ಟೀಚರ್ ಹೇಳಿದ ದಿನವೇ ಬಂದರು. ಹಜಾರದ ಹಗ್ಗಕ್ಕೆ ತೂಗುಹಾಕಿದ್ದ ಒಂದೊಂದು ಬಟ್ಟೆಗೂ ಮೂಗಿಟ್ಟು ಮೂಸಿದರು. ಸೈನಿಕನ ಅಂಗಿ, ಮಂತ್ರಿಯ ಶಲ್ಯ, ಮರದ ಎಲೆ. ವೇಷದಕ್ಕ ಅವರ ಮೂಗನ್ನೇ ನೋಡುತ್ತಿದ್ದಳು.

"ವಾಸನೆ ಇಲ್ಲ," ಎಂದರು ಟೀಚರ್. "ರಾಜ ಎಲ್ಲಿ?"

"ರಾಜ ಹೋದ, ಟೀಚರ್."

"ಹೋದ ಅಂದ್ರೆ? ನಾಟಕಕ್ಕೆ ರಾಜ ಬೇಡ್ವಾ?"

"ಹೊಲಿದು ಕೊಡ್ತೀನಿ. ಈ ಸಲ ಹತ್ತಿಬಟ್ಟೇಲಿ. ಒಗೆಯೋಕೆ ಬರೋ ರಾಜ."

ಟೀಚರ್ ತಲೆಯೆತ್ತಿ ಸೂರಿನ ಕಿಂಡಿ ನೋಡಿದರು. "ಇವತ್ತೇನೋ ತೊಳೆದು ಇಟ್ಟಿದೀರಿ. ಮತ್ತೆ ಅದೇ ಅಟ್ಟಕ್ಕೆ ತಾನೆ ಹೋಗೋದು?" ಎಂದು ಕೇಳಿ, ಏಣಿ ಹತ್ತಿಯೇ ಬಿಟ್ಟರು. ತಂಪಣ್ಣ ಏಣಿ ಹಿಡಿದ. ಮೇಲೆ ಟೀಚರ್ ಹಲಗೆ ಮುಟ್ಟಿ ನೋಡಿದರು, ಬೆರಳು ಮೂಸಿದರು, ಕಿಂಡಿಯ ಜಾಲರಿಗೆ ಅಂಗೈ ಒಡ್ಡಿ ನಿಂತರು. ಗಾಳಿಗೆ ಅವರ ಸೆರಗು ಹಾರಿತು.

"ಧೂಳು ಬರುತ್ತೆ ಟೀಚರ್," ಎಂದ ತಂಪಣ್ಣ ಕೆಳಗಿನಿಂದ, ತಡೆಯಲಾಗದೆ. "ನೀವು ಹೂಂ ಅಂದ್ರೆ ಅರ್ಧ ಮುಚ್ಚಬಹುದು."

"ರೀ," ಎಂದಳು ವೇಷದಕ್ಕ. ಅಷ್ಟೇ ಎಂದಳು. ತಂಪಣ್ಣ ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

"ಧೂಳು ಕೊಡವಿದ್ರೆ ಹೋಗುತ್ತೆ," ಎಂದು ಟೀಚರ್ ಇಳಿದು ಬಂದು ಕೈ ಒರೆಸಿಕೊಂಡರು. "ಆಯ್ತು ಅಕ್ಕಾ, ಎಲ್ಲಾ ತಗೋತೀನಿ. ರಾಜನ ಅಳತೆಗೆ ಸೋಮವಾರ ಹುಡುಗನ್ನ ಕಳಿಸ್ತೀನಿ. ಸ್ವಲ್ಪ ದಪ್ಪಗಿದಾನೆ."

"ಸ್ವಲ್ಪ ಅಂದ್ರೆ ಎಷ್ಟು ಟೀಚರ್?"

"ನೀವೇ ನೋಡ್ತೀರಲ್ಲ."

ಟೀಚರ್ ಬೀದಿ ತಿರುಗುವವರೆಗೆ ವೇಷದಕ್ಕ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಬಂದು ಹತ್ತಿಬಟ್ಟೆಯ ಥಾನು ಬಿಚ್ಚಿ ಹಜಾರದ ನೆಲಕ್ಕೆ ಹಾಸಿ, ಹೇಗೆ ಕತ್ತರಿಸಿದರೂ ಸಾಲುವುದಿಲ್ಲವೆಂದು ಗೊಣಗುತ್ತ, ಸೀಮೆಸುಣ್ಣದಲ್ಲಿ ರಾಜನ ಹೆಗಲಿನ ಗೆರೆ ಎಳೆಯತೊಡಗಿದಳು.