ಗೇಟು ಹಾಕಿದರೆ ಪರೀಕ್ಷೆ

ಬೆಳಗಿನ ಮೊದಲ ರೈಲಿಗೆ ಗೇಟು ಹಾಕಿದೆ. ಗುಬ್ಬಿ ಕಡೆಯ ಆಕಾಶ ಈಗಷ್ಟೇ ಕೆಂಪಾಗುತ್ತಿದೆ. ಗೇಟಿನ ಆಚೆ ಚೌಡಪ್ಪನ ಎತ್ತಿನ ಗಾಡಿ ತೆಂಗಿನಕಾಯಿ ಹೇರಿಕೊಂಡು ನಿಂತಿದೆ. ಈಚೆ ಎರಡು ಮಕ್ಕಳು ಅಡ್ಡಪಟ್ಟಿಗೆ ಗದ್ದ ಊರಿಕೊಂಡು ಕಾಯುತ್ತಿವೆ. ಅವರ ಹಿಂದಿನ ಕಲ್ಲುಬೆಂಚಿನ ಮೇಲೆ ಎಂಟು ತಿಂಗಳ ಬಸುರಿ ದಾಕ್ಷಾಯಣಮ್ಮ ಕೂತಿದ್ದಾರೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದರಲ್ಲಿ ಬಟ್ಟೆ ಕಿತ್ತುಹೋದ ಹಸಿರು ಬಾವುಟದ ಕೋಲು.

"ಬೇಗ ಕೇಳು ಚೌಡಪ್ಪಣ್ಣ, ರೈಲು ನಿಟ್ಟೂರು ಬುಟ್ಟೈತೆ" ಎಂದು ಅವರು ಅವಸರ ಮಾಡುತ್ತಾರೆ.

"ಏಳೆಂಟ್ಲ ಎಷ್ಟವ್ವಾ?" ಎಂದು ಚೌಡಪ್ಪ ಗಾಡಿಯ ಮೇಲಿಂದಲೇ ಕೂಗುತ್ತಾನೆ.

"ಐವತ್ತಾರು!" ಎಂದು ಎರಡು ಗಂಟಲೂ ಒಟ್ಟಿಗೆ ಹೇಳುತ್ತವೆ.

"ಸರೀನಾ ತಾಯೀ?" ಎಂದು ಚೌಡಪ್ಪ ದಾಕ್ಷಾಯಣಮ್ಮನನ್ನೇ ಕೇಳುತ್ತಾನೆ. ಅವನಿಗೆ ಲೆಕ್ಕ ಬರುವುದಿಲ್ಲ, ಆದರೂ ದಿನಾ ತಪ್ಪದೆ ಪರೀಕ್ಷೆ ಮಾಡುತ್ತಾನೆ. ದಾಕ್ಷಾಯಣಮ್ಮ ಕೋಲು ಎತ್ತಿ ಸರಿ ಎನ್ನುತ್ತಾರೆ. ಅಷ್ಟರಲ್ಲಿ ರೈಲು ಧಡಧಡನೆ ಬಂದು ಹೊಗೆ ಬಿಟ್ಟು ಹೋಗುತ್ತದೆ, ಅವರ ಗಂಡ, ಗೇಟ್‌ಮನ್ ರೇವಣಸಿದ್ದಯ್ಯ ಬಾವುಟ ಸುತ್ತಿಟ್ಟು ಗೇಟು ತೆಗೆಯುತ್ತಾರೆ. ಆ ಹೊತ್ತಿನ ಪರೀಕ್ಷೆ ಅಲ್ಲಿಗೆ ಮುಗಿಯುತ್ತದೆ.

ನಿಟ್ಟೂರಿಗೂ ಗುಬ್ಬಿಗೂ ನಡುವೆ, ಅಕ್ಕಪಕ್ಕ ಒಂದು ಮನೆಯೂ ಇಲ್ಲದ ಈ ಗೇಟಿನ ಕ್ವಾರ್ಟರ್ಸಿನಲ್ಲಿ ನಡೆಯುವ ಶಾಲೆ ಇದು. ಮೇಷ್ಟ್ರು, ಹೆಡ್‌ಮಾಸ್ಟರು, ಗಂಟೆ ಹೊಡೆಯುವ ಜವಾನ ಎಲ್ಲವೂ ದಾಕ್ಷಾಯಣಮ್ಮನೇ. ಮಧ್ಯೆ ರೊಟ್ಟಿ ತಟ್ಟುವುದೂ ಅವರೇ. ವಿದ್ಯಾರ್ಥಿಗಳು ಇಬ್ಬರು: ಎಂಟು ದಾಟಿದ ಸರ್ವಮಂಗಳ, ಆರು ದಾಟಿದ ತೋಂಟದಾರ್ಯ. ಆದರೆ ಹಾಜರಿ ಕೂಗುವಾಗ ಹೆಸರು ಮೂರು. "ಪಾಪು?" ಎಂದು ಅವ್ವ ಕೂಗಿದಾಗ ಇಬ್ಬರೂ ಅವರ ಹೊಟ್ಟೆಗೆ ಕಿವಿ ಕೊಟ್ಟು ನಿಲ್ಲಬೇಕು. ಒದ್ದರೆ ಹಾಜರು. ಒದೆಯದಿದ್ದರೆ ತೋಂಟದಾರ್ಯನಿಗೆ ಎಲ್ಲಿಲ್ಲದ ಸಿಟ್ಟು. "ಅದೊಂದು ದಿನಾ ಮಲಗ್ಬೋದು, ನಾನ್ ಮಾತ್ರ ಏಳ್ಬೇಕು" ಎನ್ನುತ್ತಾನೆ.

ಮನೆಯೇ ಮೊದಲ ಪಾಠಶಾಲೆ ಎಂದು ಊರೂರಿನ ಗೋಡೆಗಳ ಮೇಲೆ ಬರೆದವರು ಎಂಟು ತಿಂಗಳ ಬಸುರಿಯಾಗಿ ಪಾಠ ಹೇಳಿದವರಲ್ಲ ಎನ್ನಿಸುತ್ತದೆ. ದಾಕ್ಷಾಯಣಮ್ಮನ ಕಷ್ಟಗಳು ಬೇರೆಯೇ. ಮೊದಲೆಲ್ಲ ಅಂಗಳದಲ್ಲಿ ಮರಳು ಹರಡಿ ಅಕ್ಷರ ತಿದ್ದಿಸುತ್ತಿದ್ದರು. ಐದನೇ ತಿಂಗಳಿಗೆ ಬಗ್ಗುವುದು ನಿಂತಿತು. ಕಾಲ ಹೆಬ್ಬೆರಳಿನಿಂದ ಅಳಿಸಲು ಹೋದರೆ ಕುಣಿಗಲ್ಲಿನಿಂದ ಬಂದ ತಾಯಿ ಕಲ್ಲಮ್ಮ, "ಸರಸ್ವತೀನ ಕಾಲಲ್ಲಿ ಒರಸ್ತೀಯೇನೇ!" ಎಂದು ಹೌಹಾರಿದರು. ಆಗ ಬಂದದ್ದು ಈ ಬಾವುಟದ ಕೋಲು. ತುದಿಗೆ ಹಳೇ ಬಟ್ಟೆ ಸುತ್ತಿ ಅದರಿಂದಲೇ ತೋರಿಸುವುದು, ಅದರಿಂದಲೇ ಅಳಿಸುವುದು. ಆಮೇಲೆ ಪಾಠ ಗೋಡೆಗೆ ಏರಿತು. ಹೊಟ್ಟೆ ಬೆಳೆದಂತೆ ಗೋಡೆ ದೂರವಾಯಿತು. ಕೈ ಚಾಚಿ ಬರೆದ ಅಕ್ಷರಗಳೆಲ್ಲ ಬಲಕ್ಕೆ ವಾಲಿದವು. ಮಕ್ಕಳೂ ಹಾಗೇ ವಾಲಿಸಿ ಬರೆಯುವುದನ್ನು ಕಲಿತುಬಿಟ್ಟಿವೆ.

"ಹೆತ್ತಾದ್ಮೇಲೆ ನೆಟ್ಟಗಾಗ್ತವೆ ಬುಡಿ, ಅಕ್ಷರಾನೂ, ನಾನೂನೂ" ಎಂದು ನಗುತ್ತಾರೆ ದಾಕ್ಷಾಯಣಮ್ಮ.

ಇವರು ಟೀಚರ್ ತರಬೇತಿ ಪಡೆದವರೇನಲ್ಲ. ಕುಣಿಗಲ್ಲಿನಲ್ಲಿ ಏಳನೇ ಕ್ಲಾಸು ಪಾಸಾದರು. ಹೈಸ್ಕೂಲು ದೂರ, ಹುಡುಗಿ ಎತ್ತರಕ್ಕೆ ಬೆಳೆದಳು ಎಂದು ಮನೆಯವರು ಓದು ಬಿಡಿಸಿದರು. ಮಗಳನ್ನಾದರೂ ಓದಿಸಬೇಕೆಂದು ನಿಟ್ಟೂರಿನ ಶಾಲೆಗೆ ಸೇರಿಸಿದ್ದೂ ಉಂಟು. ಆದರೆ ದಾರಿ ರೈಲುಹಳಿಯ ಪಕ್ಕದ್ದು, ನಡುವೆ ಹಳ್ಳದ ಮೇಲೆ ಒಂದು ಸೇತುವೆ. ಒಂದು ಸಂಜೆ ಮಗು ಸೇತುವೆಯ ನಡುವೆ ಇರುವಾಗಲೇ ರೈಲು ಕೂಗಿತು. ಮಂಗಳ ಓಡಿ ದಾಟಿದಳು, ಏನೂ ಆಗಲಿಲ್ಲ. ಎದುರುಗೊಳ್ಳಲು ಹೋಗಿದ್ದ ತಾಯಿ ಅದನ್ನು ಕಣ್ಣಾರೆ ಕಂಡರು. "ಅವತ್ತೇ ಅವಳ ಚೀಲ ಗೂಟಕ್ಕೆ ನೇತಾಕ್ದೆ. ನಂಗ್ ಬಂದಷ್ಟು ನಾನೇ ಯೋಳ್ಕೊಡ್ತೀನಿ ಅಂದೆ." ಈ ಒಂದು ಮಾತು ಹೇಳುವಾಗ ಅವರ ಮುಖದಲ್ಲಿ ನಗು ಇರುವುದಿಲ್ಲ.

ಪಾಠ ಹೇಳುವವರು ಸಿಕ್ಕರು, ಪರೀಕ್ಷೆ ಮಾಡುವವರು ಬೇಕಲ್ಲ? ಅದಕ್ಕೆ ದಾಕ್ಷಾಯಣಮ್ಮ ಗೇಟನ್ನೇ ಬಳಸಿಕೊಂಡರು. ರೈಲು ಬರುವವರೆಗೆ ಗೇಟಿನಾಚೆ ನಿಂತವರು ಬೀಡಿ ಸೇದುವುದು, ಆಕಳಿಸುವುದು ಬಿಟ್ಟರೆ ಮಾಡುವುದೇನು? ಸೈಕಲ್ಲಿನವರು, ಗಾಡಿಯವರು, ಬಸ್ಸಿನ ಕಿಟಕಿಯವರು, ಎಲ್ಲರಿಗೂ ಒಂದೊಂದು ಪ್ರಶ್ನೆ ಕೇಳುವ ಕೆಲಸ ಬಿತ್ತು. ದೂರದಲ್ಲಿ ರೈಲು ಕೂಗಿದರೆ ಸಾಕು, ಮಕ್ಕಳು ಸ್ಲೇಟು ಬಿಸಾಡಿ ಓಡುತ್ತವೆ. ಅಪ್ಪ ದೊಡ್ಡ ಗೇಟು ಹಾಕಿದರೆ ಇವು ಪಾದಚಾರಿಗಳ ಚಿಕ್ಕ ಗೇಟು ಎಳೆದು ಹಾಕಿ, ಅದರ ಹಿಂದೆ ಕೈಕಟ್ಟಿ ನಿಲ್ಲುತ್ತವೆ.

ಈ ಶಾಲೆಯಲ್ಲಿ ಕೊರತೆಗಳೂ ಇವೆ. ತೋಂಟದಾರ್ಯನ ಪ್ರಕಾರ ದಿಕ್ಕುಗಳು ಎರಡೇ, ಗುಬ್ಬಿ ಕಡೆ ಮತ್ತು ನಿಟ್ಟೂರು ಕಡೆ. ಇನ್ನು ಮಗ್ಗಿ ಹನ್ನೆರಡಕ್ಕೇ ನಿಂತಿದೆ. ಊಟ ಮುಗಿಸಿ ಹನ್ನೆರಡರ ಮಗ್ಗಿ ಹೇಳಿಸಿ ಹದಿಮೂರಕ್ಕೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ದಾಕ್ಷಾಯಣಮ್ಮನಿಗೆ ತೂಕಡಿಕೆ ಬರುತ್ತದೆ. "ಬಸುರಿ ನಿದ್ದೆ ಕಣಪ್ಪ, ತಡೆಯಕ್ಕಾಗಲ್ಲ" ಎನ್ನುತ್ತಾರೆ ಮೊದಲು. ಸ್ವಲ್ಪ ಹೊತ್ತು ಬಿಟ್ಟು, "ನಿದ್ದೆ ಅರ್ಧ, ಬರದೇ ಇರೋದು ಅರ್ಧ" ಎಂದು ತಾವೇ ಒಪ್ಪಿಕೊಳ್ಳುತ್ತಾರೆ.

ಎಲ್ಲ ಹೀಗೇ ನಡೆದುಕೊಂಡು ಹೋಗುತ್ತಿತ್ತೇನೋ. ಆದರೆ ಈ ಎಂಬತ್ತನಾಲ್ಕರ ಜೂನ್‌ನಿಂದ ಗುಬ್ಬಿಗೆ ಹೋಗುವ ಬೆಳಗಿನ ಬಸ್ಸು ಗೇಟಿನ ಹತ್ತಿರ ನಿಲ್ಲತೊಡಗಿದೆ. "ಮಕ್ಕಳನ್ನ ನನ್ ಪಕ್ಕದಲ್ಲೇ ಕೂರಿಸ್ಕೊಂಡ್ ಹೋಗ್ತೀನಿ, ನಿಮಗ್ಯಾಕೆ ಯೋಚ್ನೆ?" ಎಂದು ಕಂಡಕ್ಟರ್ ಅಪ್ಪಾಜಿ ಮಾತು ಕೊಟ್ಟಿದ್ದಾನೆ. ಗುಬ್ಬಿಯ ಒಂದು ಶಾಲೆಯ ಹೆಡ್‌ಮಾಸ್ಟರು ಸದಾಶಿವಯ್ಯನವರು ಪರೀಕ್ಷೆ ಮಾಡಿ ನೋಡುತ್ತೇನೆ ಎಂದಿದ್ದಾರೆ. ಉತ್ತರ ಹೇಳಿದರೆ ಮಂಗಳ ಮೂರನೇ ಕ್ಲಾಸಿಗೆ, ತೋಂಟದಾರ್ಯ ಎರಡಕ್ಕೆ. ಇಲ್ಲದಿದ್ದರೆ ಇಬ್ಬರೂ ಒಂದನೇ ಕ್ಲಾಸಿನಲ್ಲಿ, ಮೂಗು ಸುರಿಸುವ ಮಕ್ಕಳ ಜೊತೆ. "ಅಲ್ಲಿ ಕೂರ್ಸಿದ್ರೆ ನಾನ್ ಹೋಗೋದೇ ಇಲ್ಲ" ಎಂದು ಮಂಗಳ ಖಂಡಿತವಾಗಿ ಹೇಳಿಬಿಟ್ಟಿದ್ದಾಳೆ.

ಕಲ್ಲಮ್ಮನ ಷರತ್ತು ಇನ್ನೂ ಗಟ್ಟಿ. ಮಗಳ ಬಾಣಂತನಕ್ಕೆ ಮೆಂತ್ಯ, ಬೆಲ್ಲ, ಕೊಬ್ಬರಿ ಕಟ್ಟಿಕೊಂಡು ಬಂದಿರುವ ಈ ಅಜ್ಜಿಗೆ ಮಾತು ಎಳೆಯುವುದು ಗೊತ್ತಿಲ್ಲ. "ಇಸ್ಕೂಲ್ನೋರು ಸರಿಯಾದ ಕ್ಲಾಸಿಗೆ ತಕ್ಕಂಡ್ರೆ ನಾನಿಲ್ಲೇ ಇದ್ದು ಬಾಣಂತನ ಮಾಡ್ತೀನಿ. ಇಲ್ದಿದ್ರೆ ಎರಡು ಮಕ್ಕಳನ್ನೂ ಕುಣಿಗಲ್ಲಿಗೆ ಕರ್ಕಂಡೋಗಿ ನಾನೇ ಓದಿಸ್ತೀನಿ. ಒಂದು ಕಂಕುಳಲ್ಲಿ ಇಟ್ಕಂಡು ಇನ್ನೆರಡಕ್ಕೆ ಅದೆಂಗೆ ಪಾಠ ಯೋಳ್ತೀಯೇ?"

ದಾಕ್ಷಾಯಣಮ್ಮ ಕೋಲಿನ ತುದಿಯ ಬಟ್ಟೆ ಬಿಚ್ಚಿ ಮತ್ತೆ ಸುತ್ತುತ್ತಾರೆ. ಮಕ್ಕಳಿಲ್ಲದ ಮನೆಯನ್ನು ನೆನೆಸಿಕೊಳ್ಳಲೂ ಅವರಿಗೆ ಇಷ್ಟವಿಲ್ಲ.

ಸೋಮವಾರ. ಮಕ್ಕಳ ತಲೆಗೆ ಎಣ್ಣೆ ಹಚ್ಚಿ ಅಂಟಿಸಿ ಬಾಚಿದೆ, ಹಣೆಗೆ ವಿಭೂತಿ. ಬಸ್ಸಿನಲ್ಲಿ ದಾಕ್ಷಾಯಣಮ್ಮನಿಗೆ ಅಪ್ಪಾಜಿ ಮುಂದಿನ ಸೀಟು ಬಿಡಿಸಿಕೊಟ್ಟು, "ನಿಧಾನಕ್ ಓಡ್ಸಯ್ಯಾ, ಒಳಗೆ ಮೂರು ಪರೀಕ್ಷೆ ಅವೆ" ಎಂದು ಡ್ರೈವರಿಗೆ ಕೂಗುತ್ತಾನೆ.

ಸದಾಶಿವಯ್ಯನವರು ಒಳ್ಳೆಯವರೇ, ಆದರೆ ಮಾತು ಚುಟುಕು. "ಏಳಾರ್ಲ ಎಷ್ಟಮ್ಮಾ?" ಎಂದು ಮಂಗಳನನ್ನು ಕೇಳುತ್ತಾರೆ. ಮಂಗಳ ಬಾಗಿಲು ನೋಡುತ್ತಾಳೆ. "ನೀನು ಹೇಳೋ, ಐದೈದ್ಲ?" ತೋಂಟದಾರ್ಯ ಅಕ್ಕನನ್ನು ನೋಡುತ್ತಾನೆ. ಓದು ಎಂದರೆ ಓದುವುದಿಲ್ಲ, ಹೆಸರು ಕೇಳಿದರೆ ಹೆಸರೂ ಹೇಳುವುದಿಲ್ಲ. ಬಾಯಲ್ಲಿ ಕಡುಬು ಇಟ್ಟುಕೊಂಡವರ ಹಾಗೆ ನಿಂತುಬಿಟ್ಟಿದ್ದಾರೆ.

"ಎಲ್ಲಾ ಬರ್ತದೆ ಸಾ ಅವ್ಕೆ. ಬಸ್ನೋರ್ನ ಬೇಕಾದ್ರೆ ಕೇಳಿ" ಎಂದು ದಾಕ್ಷಾಯಣಮ್ಮ ಮಕ್ಕಳನ್ನು ಮುಂದಕ್ಕೆ ತಳ್ಳುತ್ತಾರೆ.

"ಹೆತ್ತೋರಿಗೆ ಹೆಗ್ಗಣ ಮುದ್ದು ಕಣಮ್ಮ" ಎಂದು ಮೇಷ್ಟ್ರು ಕನ್ನಡಕ ತೆಗೆಯುತ್ತಾರೆ. "ಬೇಜಾರು ಮಾಡ್ಕೋಬೇಡಿ. ಒಂದನೇ ಕ್ಲಾಸಿಗೇ ಸೇರಿಸ್ತೀನಿ. ಊಟ ಮಾಡ್ಕೊಂಡು ಬಂದು ಬರ್ಕೋತೀನಿ, ಇರಿ."

ಅವರು ಸೈಕಲ್ಲು ತಳ್ಳಿಕೊಂಡು ಹೊರಡುತ್ತಾರೆ. ದಾಕ್ಷಾಯಣಮ್ಮ ಜಗಲಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಆಗ ಗುಬ್ಬಿ ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ಗಾಡಿಯೊಂದು ಉದ್ದಕ್ಕೆ ಕೂಗುತ್ತದೆ.

ಮಕ್ಕಳಿಬ್ಬರೂ ಬಾಣದಂತೆ ಓಡುತ್ತಾರೆ. ಸೈಕಲ್ಲು ಶಾಲೆಯ ಗೇಟು ಮುಟ್ಟುವ ಮೊದಲೇ ಅವರು ಆಚೆ ಹಾರಿ, ಕಬ್ಬಿಣದ ಗೇಟನ್ನು ದಡಾರನೆ ಎಳೆದು ಹಾಕಿ, ಕೈಕಟ್ಟಿ ನಿಂತಿದ್ದಾರೆ. ಒಳಗೆ ಸೈಕಲ್ಲು ಹಿಡಿದ ಹೆಡ್‌ಮಾಸ್ಟರು.

"ಏನ್ರೋ ಇದು? ತೆಗೀರೋ ಗೇಟು!"

"ರೈಲು ಬರ್ತೈತೆ ಸಾ, ತೆಗಿಯಂಗಿಲ್ಲ" ಎನ್ನುತ್ತಾಳೆ ಮಂಗಳ. ಬೆಳಗಿನಿಂದ ಅವಳ ಬಾಯಿಂದ ಬಂದ ಮೊದಲ ಮಾತು. ಆಮೇಲೆ ತುಂಬ ಮರ್ಯಾದೆಯಿಂದ, "ಈಗ ಕೇಳಿ ಸಾ" ಎನ್ನುತ್ತಾಳೆ.

ದಾಕ್ಷಾಯಣಮ್ಮನಿಗೆ ಆಗ ಹೊಳೆಯುತ್ತದೆ. ಮನೆಯಲ್ಲಿ ಪಾಠ ಶುರುವಾದಾಗಿನಿಂದ ಗೇಟು ಹಾಕದೆ ಹೊರಗಿನವರು ಯಾರೂ ಈ ಮಕ್ಕಳಿಗೆ ಪ್ರಶ್ನೆ ಕೇಳಿಲ್ಲ. ಗೇಟು ತೆಗೆದಿದ್ದರೆ ಪರೀಕ್ಷೆ ಮುಗಿಯಿತು ಎಂದರ್ಥ. ಪಾಪ, ಅವು ಇಷ್ಟು ಹೊತ್ತೂ ಪರೀಕ್ಷೆ ಶುರುವಾಗಲಿ ಎಂದು ಕಾಯುತ್ತಿದ್ದವು. ಹೊಟ್ಟೆ ಹಿಡಿದುಕೊಂಡು ಎದ್ದು, "ಕೇಳಿ ಸಾ, ಬೇಗ ಕೇಳಿ! ರೈಲು ಹೋಗೋ ಗಂಟ ಮಾತ್ರ ಟೈಮು!" ಎಂದು ಕೂಗುತ್ತಾರೆ.

ಮೇಷ್ಟ್ರು ಒಮ್ಮೆ ಗೇಟು ನೋಡುತ್ತಾರೆ, ಒಮ್ಮೆ ಮಕ್ಕಳನ್ನು ನೋಡುತ್ತಾರೆ. "ಏಳಾರ್ಲ?"

"ನಲ್ವತ್ತೆರಡು!"

"ಐದೈದ್ಲ?"

"ಇಪ್ಪತ್ತೈದು!"

ಕೂಡಿಸುವುದು, ಕಳೆಯುವುದು, ಎದುರಿನ ಅಂಗಡಿಯ ಬೋರ್ಡು ಓದುವುದು, ಒಂದಕ್ಕೂ ತಡವಿಲ್ಲ. "ಸೂರ್ಯ ಯಾವ ಕಡೆ ಹುಟ್ತಾನೆ?" ಎಂದದ್ದಕ್ಕೆ ತೋಂಟದಾರ್ಯ, "ಗುಬ್ಬಿ ಕಡೆ" ಎನ್ನುತ್ತಾನೆ. "ಇದು ಗುಬ್ಬೀನೇ ಕಣೋ! ಇಲ್ಲಿ ಎಲ್ಲಿ ಹುಟ್ತಾನೆ?" ತೋಂಟದಾರ್ಯ ಸುತ್ತ ನೋಡಿ, "ನಿಮ್ಮ ಆಫೀಸಿನ ಹಿಂದ್ಗಡೆ ಸಾ" ಎನ್ನುತ್ತಾನೆ. ಅದು ಸರಿಯೂ ಹೌದು. ಗೂಡ್ಸ್ ಗಾಡಿ ಉದ್ದವಾಗಿದೆ, ಒಳ್ಳೆಯದೇ ಆಯಿತು. ಮೇಷ್ಟ್ರು ಊಟ ಮರೆತು ಹನ್ನೆರಡರ ಮಗ್ಗಿಯವರೆಗೆ ಬಂದಿದ್ದಾರೆ.

"ಹದಿಮೂರರ ಮಗ್ಗಿ ಹೇಳಿ ನೋಡೋಣ."

ಮಕ್ಕಳು ತಟ್ಟನೆ ತುಟಿಯ ಮೇಲೆ ಬೆರಳಿಡುತ್ತಾರೆ. "ಶ್! ಹದಿಮೂರಕ್ಕೆ ಅವ್ವ ಮಲಗ್ತಾಳೆ ಸಾ" ಎನ್ನುತ್ತಾನೆ ತೋಂಟದಾರ್ಯ, ಪಿಸುದನಿಯಲ್ಲಿ.

ಸದಾಶಿವಯ್ಯನವರು ಸೈಕಲ್ಲಿನ ಮೇಲೆ ಬಾಗಿ ನಕ್ಕಿದ್ದನ್ನು ಆ ಶಾಲೆಯ ಜವಾನ ಕಂಡಕಂಡವರಿಗೆಲ್ಲ ಹೇಳುತ್ತಾನೆ. ಅವರ ನಗು ಇವನು ನೋಡಿದ್ದು ಅದೇ ಮೊದಲಂತೆ. "ಮೂರಕ್ಕೆ ಒಬ್ಬಳು, ಎರಡಕ್ಕೆ ಒಬ್ಬ" ಎಂದು ದಾಕ್ಷಾಯಣಮ್ಮನ ಕಡೆ ತಿರುಗುತ್ತಾರೆ. "ಹದಿಮೂರು ನಾವು ಹೇಳ್ಕೊಡ್ತೀವಿ. ನೀವು ಆರಾಮಾಗಿ ಮಲಗಿ ತಾಯಿ." ರೈಲು ದಾಟುತ್ತದೆ. ಮಂಗಳ ತಾನಾಗಿ ಗೇಟು ತೆಗೆಯುತ್ತಾಳೆ.

ಕಲ್ಲಮ್ಮ ಕೊಟ್ಟ ಮಾತಿನಂತೆ ಗೇಟಿನ ಮನೆಯಲ್ಲೇ ಉಳಿದಿದ್ದಾರೆ, ಮೆಂತ್ಯ ಹುರಿಯುವ ಕಮಟು ವಾಸನೆ ರೈಲಿನವರೆಗೂ ಹೋಗುತ್ತಿದೆ. ಮೊದಲ ದಿನ ಮಕ್ಕಳನ್ನು ಹತ್ತಿಸಿಕೊಂಡ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ದಾಕ್ಷಾಯಣಮ್ಮ ನೋಡುತ್ತಲೇ ನಿಂತಿದ್ದಾರೆ. ಗೆದ್ದದ್ದು ಹೌದು. ಆದರೂ ಕಣ್ಣು ತುಂಬಿ ಬರುತ್ತದೆ, ಅದನ್ನು ಅವರು ಮುಚ್ಚಿಡುವುದೂ ಇಲ್ಲ. "ಗಲಾಟೆ ಮಾಡ್ಬೇಡ್ರೋ ಅಂತ ದಿನಾ ಬಯ್ತಿದ್ದೆ. ಈಗ ಮನೆ ಬಿಕೋ ಅಂತೈತೆ."

ದೂರದಲ್ಲಿ ರೈಲು ಕೂಗುತ್ತದೆ. ರೇವಣಸಿದ್ದಯ್ಯ ಗೇಟು ಹಾಕುತ್ತಾರೆ. ಆಚೆ ಚೌಡಪ್ಪನ ಗಾಡಿ. ಅಭ್ಯಾಸಬಲದಿಂದ ಬಾಯಿ ತೆರೆದು, ಕೇಳಲು ಯಾರೂ ಇಲ್ಲದ್ದನ್ನು ಕಂಡು, "ಇವತ್ತು ಯಾರ್ನ ಕೇಳ್ಲವ್ವಾ?" ಎನ್ನುತ್ತಾನೆ.

ದಾಕ್ಷಾಯಣಮ್ಮ ಚಿಕ್ಕ ಗೇಟಿನ ಹಿಂದೆ ಬಂದು ನಿಲ್ಲುತ್ತಾರೆ. ಹೊಟ್ಟೆಯ ಮೇಲೆ ಕೈಕಟ್ಟುವುದು ಸುಲಭವಲ್ಲ, ಆದರೂ ಕಟ್ಟುತ್ತಾರೆ.

"ನನ್ನೇ ಕೇಳು ಚೌಡಪ್ಪಣ್ಣ. ಹದಿಮೂರು."

"ಸರಿ, ಹದಿಮೂರು ಯೋಳವ್ವಾ."

ಹದಿಮೂರು ಒಂದ್ಲ ಹದಿಮೂರು. ಹದಿಮೂರು ಎರಡ್ಲ ಇಪ್ಪತ್ತಾರು. ನಾಕ್ಲ ಐವತ್ತೆರಡು ಎನ್ನುವಾಗ ರೈಲು ಬರುತ್ತದೆ. ಅವರು ದನಿ ಏರಿಸುತ್ತಾರೆ. ಏಳ್ಲದ ಹತ್ತಿರ ಕಣ್ಣು ಮುಚ್ಚಿ, ಬೆರಳು ಮಡಿಸಿ, ತಡವರಿಸಿ ತೊಂಬತ್ತೊಂದು ಎನ್ನುತ್ತಾರೆ. ರೈಲು ಹೋಗಿದೆ, ಗೇಟು ತೆಗೆದಿದೆ, ಹಿಂದೆ ಲಾರಿಯವನು ಹಾರನ್ ಒತ್ತುತ್ತಿದ್ದಾನೆ. ಚೌಡಪ್ಪ ಗಾಡಿ ಅಲುಗಿಸುವುದಿಲ್ಲ. "ಇರಯ್ಯಾ, ಪರೀಕ್ಷೆ ನಡೀತೈತೆ!" ಎಂದು ಹಿಂದಕ್ಕೆ ತಿರುಗಿ ಗದರುತ್ತಾನೆ.

"ಹದಿಮೂರು ಹತ್ಲ ನೂರಾ ಮೂವತ್ತು!"

"ಸರೀನಾ ತಾಯೀ?"

ದಾಕ್ಷಾಯಣಮ್ಮ ಹೊಟ್ಟೆಯ ಮೇಲೆ ಕೈಯಿಡುತ್ತಾರೆ. ಒಳಗಿಂದ ಪಾಪು ಒದೆಯುತ್ತದೆ.

"ಸರಿ ಚೌಡಪ್ಪಣ್ಣ. ಇವತ್ತು ಇಬ್ರೂ ಹಾಜರು. ಇಬ್ರೂ ಎಚ್ಚರವಾಗಿದ್ವಿ."