ಹಸಿ ಮರ ಎಂದು ಹೇಳಿದ ದಿನ

ನಲವತ್ತೈದು ವರ್ಷ ಬಡಗಿ ಕೆಲಸ ಮಾಡಿದ್ದೇನೆ. ಮರದ ವಿಷಯದಲ್ಲಿ ಒಂದೇ ಒಂದು ಸಲ ಸುಳ್ಳು ಹೇಳಿದ್ದೇನೆ. ಹೇಳಿದ್ದು ನನ್ನ ಮಗಳಿಗೆ.

ನಮ್ಮ ಕಡೆ ಮರ ನೋಡುವುದು ಎಂಬ ಪದ್ಧತಿ ಇದೆ. ಯಾರಾದರೂ ಬಾಗಿಲ ಚೌಕಟ್ಟು, ಮಂಚ, ತೊಲೆ ಕೊಳ್ಳಲು ಹೋಗುವಾಗ ಬಡಿಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾರೆ. ಅವನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಇಟ್ಟು ಕೇಳಿ, ಮೂಸಿ ನೋಡಿ ಒಂದು ಮಾತು ಹೇಳುತ್ತಾನೆ. 'ತಗೋರಿ' ಅಂದರೆ ಕೊಳ್ಳುತ್ತಾರೆ. ಸುಮ್ಮನೆ ಕೈ ಹಿಂದೆ ಕಟ್ಟಿ ನಿಂತರೆ ಅಂಗಡಿಯವನೂ ವಾದ ಮಾಡುವುದಿಲ್ಲ, ಬೇರೆ ಮಾಲು ತೆಗೆಯುತ್ತಾನೆ. ಈ ಕೆಲಸಕ್ಕೆ ದುಡ್ಡು ಮುಟ್ಟುವಂತಿಲ್ಲ. ಎಲೆ ಅಡಿಕೆ, ಒಂದು ಕಪ್ ಚಹಾ, ಅಷ್ಟೇ. "ಕೂಲಿ ಕೆಲಸದಾಗ ಮೋಸ ಮಾಡಿದ್ರ ಒಂದ ಮನಿ ಕೆಡತೈತಿ. ಮರ ನೋಡೋದ್ರಾಗ ಮೋಸ ಮಾಡಿದ್ರ ಬಡಿಗನ ಕಣ್ಣ ಕೆಡತಾವ" ಎಂದು ನಮ್ಮಪ್ಪ ಹೇಳುತ್ತಿದ್ದ. ಇರಕಲ್ಲಗಡದಿಂದ ಹಿಡಿದು ಕಾರಟಗಿಯ ಅಕ್ಕಿ ಗಿರಣಿಗಳವರೆಗೆ ನನ್ನನ್ನು ಮರ ನೋಡಲು ಕರೆದಿದ್ದಾರೆ. ನನ್ನ ಮಾತನ್ನು ಯಾರೂ ಎರಡನೇ ಸಲ ಕೇಳಿದ್ದಿಲ್ಲ.

ಮಗಳನ್ನು ಕುಷ್ಟಗಿಗೆ ಕೊಟ್ಟಿದ್ದೆವು. ಎರಡು ವರ್ಷಕ್ಕೆ ಗಂಗಾವತಿಗೆ, ನನ್ನ ಮನೆಗೆ ವಾಪಸ್ ಬಂದಳು. ಅಲ್ಲಿ ಹೊಡೆತ ಬಡಿತ ಇರಲಿಲ್ಲ. ಅಳಿಯ ಕುಡಿಯುವವನೂ ಅಲ್ಲ. ಆದರೆ ಅವಳ ಜೊತೆ ಮಾತಾಡುತ್ತಿರಲಿಲ್ಲ. ಏನು ಬೇಕಿದ್ದರೂ ತನ್ನ ತಾಯಿಯ ಕೈಲಿ ಹೇಳಿಸುತ್ತಿದ್ದ. "ಒಂದ ವರ್ಷದಾಗ ನನ್ನ ಹೆಸರು ಹಿಡದು ಒಮ್ಮಿನೂ ಕರೆದಿಲ್ಲಪ್ಪ" ಎಂದಳು. "ಅದೇನ ದೊಡ್ಡ ಮಾತವ್ವಾ" ಎಂದೆ. ನನ್ನ ಹೆಂಡತಿ ಬದುಕಿದ್ದಿದ್ದರೆ ನಾನು ಹಾಗೆ ಅನ್ನಲು ಬಿಡುತ್ತಿರಲಿಲ್ಲ.

ಗಿಟಾರನ್ನು ಮನೆಗೆ ತಂದವನು ನಾನೇ. ಹಂಪಿಯ ಎದುರಿನ ವಿರೂಪಾಪುರಗಡ್ಡೆಯ ಒಂದು ಹೋಟೆಲಿನಲ್ಲಿ ಕದ, ಮಂಚ ರಿಪೇರಿ ಮಾಡುತ್ತಿದ್ದೆ. ಅದನ್ನು ಮುಚ್ಚುವಾಗ ಮಾಲೀಕರು ಎರಡು ಹಳೆ ಕದ ಕೊಟ್ಟರು. ಅದರ ಜೊತೆಗೆ ಯಾರೋ ಪ್ರವಾಸಿ ಬಿಟ್ಟುಹೋಗಿದ್ದ, ಬೆನ್ನು ಒಡೆದ ಒಂದು ಗಿಟಾರನ್ನೂ ಕೊಟ್ಟರು. ಮನೆಗೆ ತಂದು ಬಿಚ್ಚಿ ನೋಡಿದೆ. ತಂತಿಯ ಕೆಳಗಿನ ಮುಖದ ಹಲಗೆ ಹಪ್ಪಳದಷ್ಟು ತೆಳ್ಳಗಿತ್ತು. ಅದರ ಹೊಟ್ಟೆಗೆ ಕಡ್ಡಿಯಂಥ ಪಟ್ಟಿಗಳನ್ನು ಅಂಟಿಸಿದ್ದರು. ನಾನು ಬಾಗಿಲು ಮಾಡುವವನು, ಭಾರ ಇದ್ದರೆ ಒಳ್ಳೆಯದು ಎಂದು ಕಲಿತವನು. ಇದನ್ನು ಮಾಡಿದವನು, ಎಷ್ಟು ಕೆತ್ತಿ ತೆಗೆದರೂ ಮುರಿಯುವುದಿಲ್ಲವೋ ಅಷ್ಟನ್ನೂ ತೆಗೆದಿದ್ದ. ಒಂದು ವಾರ ಅದರ ಮುಂದೆ ಕೂತು ಕಲಿತೆ. ಬೆನ್ನು ಅಂಟಿಸಿ ಮಗಳ ಕೈಗೆ ಕೊಟ್ಟೆ. "ಹೊತ್ತು ಹೋಗತೈತಿ, ಬಾರಸವ್ವಾ" ಎಂದೆ.

ಅವಳು ಮೊಬೈಲ್ ನೋಡಿಕೊಂಡು ಕಲಿತಳು. ಆಗ ಅವಳು ಒಂದು ಚಿಕ್ಕ ಮಕ್ಕಳ ಶಾಲೆಗೆ ಕಲಿಸಲು ಹೋಗುತ್ತಿದ್ದಳು. ಅಲ್ಲಿ ಮಕ್ಕಳು ಹಾಡುವಾಗ ಜೊತೆಗೆ ನುಡಿಸತೊಡಗಿದಳು. ಎರಡು ವರ್ಷದಲ್ಲಿ ಅವಳ ಕೈ ಎಷ್ಟು ಕುದುರಿತೆಂದರೆ, ಕೊಪ್ಪಳದ ಹೆಣ್ಣುಮಕ್ಕಳ ವಸತಿ ಶಾಲೆಯ ದೊಡ್ಡ ಟೀಚರ್ ಒಬ್ಬರು ಕೇಳಿ, "ಜೂನ್‌ದಾಗ ನಮ್ಮಲ್ಲಿ ಸಂಗೀತ ಕಲಸಾಕ ಒಬ್ರು ಬೇಕಾಗ್ಯಾರ. ಮೇ ತಿಂಗಳದಾಗ ಬಂದು ಬಾರಿಸಿ ತೋರಸ್ರಿ" ಎಂದು ಹೇಳಿ ಹೋದರು. ಇರಲು ಅಲ್ಲೇ ಕೋಣೆ, ಮೇಲೆ ಸಂಬಳ. ಅವಳು ಅಂದು ರೊಟ್ಟಿ ಬಡಿಯುವಾಗ ತಾನಾಗಿಯೇ ನಗುತ್ತಿದ್ದಳು.

ಅದೇ ದಿನಗಳಲ್ಲಿ ನನ್ನ ಅಕ್ಕ ಕುಷ್ಟಗಿಯಿಂದ ಮಾತು ತಂದಳು. ಸಂಬಂಧ ಕೂಡಿಸಿದವಳೂ ಅವಳೇ. "ಅವರು ಕರಕೊಂಡ ಹೋಗಾಕ ತಯಾರದಾರ. ನಿನ್ನ ಮಗಳ ಒಲ್ಲೆ ಅಂತಾಳ. ಯಾಕಂತಾಳ ಹೇಳು? ನೌಕರಿ ಕಣ್ಣಿಗೆ ಬಿದ್ದೈತಿ. ಗಂಡನ್ನ ಬಿಟ್ಟು ತಂತಿ ಹಿಡದಾಳ ಅಂತ ಓಣಿಯಾಗ ನಗತಾರ. ಆಕಿ ಬಾರಸ್ಲಿ, ನೀ ಮುಂದ ನಿಂತು ಕುಣಿ."

ಅಕ್ಕನ ಮಾತು ಒಳಗೆ ಕೂತಿತು. ಮಗಳು ಕೊಪ್ಪಳಕ್ಕೆ ಹೋಗಿ ನಿಂತರೆ ಮತ್ತೆ ಕುಷ್ಟಗಿಯ ಹೊಸ್ತಿಲು ತುಳಿಯುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಜನರ ಬಾಯಿಗೆ ಹೆದರಿದೆ. ಗಂಡನ ಮನೆಯಲ್ಲಿದ್ದರೆ ನನ್ನ ಮುಖ ಉಳಿಯುತ್ತದೆ ಎಂದುಕೊಂಡೆ. ಅವಳ ಮುಖದ ಬಗ್ಗೆ ಯೋಚಿಸಲಿಲ್ಲ.

ಏಪ್ರಿಲ್ ಬಿಸಿಲಿಗೆ ಹಳೆ ಗಿಟಾರಿನ ಕುತ್ತಿಗೆಯೇ ಕಿತ್ತು ಬಂತು. ಈ ಸಲ ನನ್ನಿಂದಲೂ ಕೂಡಿಸಲಾಗಲಿಲ್ಲ. ಹೊಸದು ಕೊಳ್ಳಬೇಕಾಯಿತು. "ಅಪ್ಪಾ, ಮರ ನೋಡಾಕ ಬಾ" ಎಂದಳು. ಇಬ್ಬರೂ ಕೊಪ್ಪಳಕ್ಕೆ ಹೋದೆವು.

ವಾದ್ಯದ ಅಂಗಡಿಯವರು ನನ್ನ ವಯಸ್ಸಿನ ಮುಸಲ್ಮಾನರು. ಅವರ ಹಾರ್ಮೋನಿಯಂ ಪೆಟ್ಟಿಗೆಗಳನ್ನು ನಾನು ಎಷ್ಟೋ ಸಲ ರಿಪೇರಿ ಮಾಡಿಕೊಟ್ಟಿದ್ದೆ.

"ಬರ್ರಿ ಮಿಸ್ತ್ರಿ. ಇವತ್ತ ಗಿರಾಕಿ ಆಗಿ ಬಂದೀರಿ, ಕುರ್ಚಿ ಮ್ಯಾಲ ಕುಂದರ್ರಿ."

"ಮಗಳಿಗೆ ಒಂದ ಗಿಟಾರ್ ಬೇಕ್ರಿ. ಛಲೋದು."

"ಛಲೋದು ಯಾವುದಂತ ನಾ ಹೇಳ್ಲೋ, ನೀವ ಹೇಳ್ತೀರೋ?"

"ಅಪ್ಪನ ಹೇಳ್ಲಿ ಬಿಡ್ರಿ ಚಾಚಾ" ಎಂದು ಮಗಳು ನಕ್ಕಳು. "ಮರ ಅಂದ್ರ ಅಪ್ಪನ ಮಾತ ಕಡೀಗಿನ ಮಾತು."

ಐದಾರು ಇಳಿಸಿ ತೋರಿಸಿದರು. ಕೊನೆಗೆ ಎರಡು ಉಳಿದವು.

ಒಂದಕ್ಕೆ ಬಣ್ಣವಿಲ್ಲ, ಹೊಳಪಿಲ್ಲ. ಬಿಳಿಚಿಕೊಂಡ ಮುಖ. ಎತ್ತಿದರೆ ಖಾಲಿ ಬುಟ್ಟಿಯಷ್ಟು ಹಗುರ. ನಡುವಿನ ಗುಂಡು ಕಿಂಡಿಯ ಅಂಚು ನೋಡಿದೆ. ಮೇಲಿನ ಮರದ ಗೆರೆ ಅಂಚಿನಲ್ಲಿ ಹಾಗೇ ಕೆಳಗಿಳಿದಿತ್ತು. ಅಂದರೆ ಒಂದೇ ಹಲಗೆ, ಪದರ ಅಂಟಿಸಿದ್ದಲ್ಲ. ರಂದಾ ಹೊಡೆದು ನುಣುಪಾಗಿಸಿದ ಪಟ್ಟಿಯನ್ನು ನೋಡುವ ಹಾಗೆ ಕುತ್ತಿಗೆಯನ್ನು ಕಣ್ಣಿಗೆ ಹಿಡಿದೆ, ನೆಟ್ಟಗಿತ್ತು. ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಲ್ಲಿ ಹನ್ನೆರಡನೆಯದರ ಹತ್ತಿರ ತಂತಿಯ ಕೆಳಗೆ ಒಂದು ರೂಪಾಯಿಯ ನಾಣ್ಯ ತೂರಿದರೆ ಸ್ವಲ್ಪವೇ ಸಡಿಲ ಉಳಿಯುತ್ತಿತ್ತು. ಗೆಣ್ಣಿನಿಂದ ಬಡಿದೆ. ಸದ್ದು ಒಳಗೆ ಹೋಗಿ, ಸುತ್ತಾಡಿ, ನಿಧಾನಕ್ಕೆ ಹೊರಗೆ ಬಂತು.

"ಡೊಳ್ಳು ಕೊಳ್ಳಾಕ ಬಂದವರು ಬಡದು ನೋಡ್ತಾರ. ನೀವು ಗಿಟಾರಿಗೂ ಬಡೀತೀರಲ್ರಿ!" ಎಂದರು ಅಂಗಡಿಯವರು.

ಇನ್ನೊಂದು ಕನ್ನಡಿಯಂತೆ ಹೊಳೆಯುತ್ತಿತ್ತು. ಕಿಂಡಿಯ ಅಂಚಿನಲ್ಲಿ ಮೂರು ಪದರ ಎದ್ದು ಕಾಣುತ್ತಿದ್ದವು. ಪ್ಲೈವುಡ್. ಅದರ ಮೇಲೆ ದಪ್ಪ ವಾರ್ನಿಶ್. ತಂತಿಯ ಕೆಳಗೆ ಎರಡು ನಾಣ್ಯ ಒಂದರ ಮೇಲೊಂದು ಇಟ್ಟರೂ ಜಾಗ ಮಿಗುತ್ತಿತ್ತು. ಬಡಿದರೆ ಗೋಣಿಚೀಲಕ್ಕೆ ಬಡಿದ ಸದ್ದು.

ಮಗಳು ಎರಡನ್ನೂ ನುಡಿಸಿದಳು. ಹಗುರಾದದ್ದನ್ನು ತೊಡೆಯ ಮೇಲಿಟ್ಟುಕೊಂಡಾಗ ಅವಳ ಹುಬ್ಬಿನ ಗಂಟು ಬಿಟ್ಟಿತು. "ಅಪ್ಪಾ, ಇದು ಮುಟ್ಟೂದ್ರಾಗ ಮಾತಾಡತೈತಿ ನೋಡು" ಎಂದಳು. ಅಂಗಡಿಯ ಹೊರಗೆ ಹೋಗುತ್ತಿದ್ದ ಇಬ್ಬರು ನಿಂತು ಕೇಳಿದರು. ನಾನು ಅವಳ ಮುಖ ನೋಡಿದೆ. ಈ ಗಿಟಾರ್ ಕೈಯಲ್ಲಿದ್ದರೆ ಮೇ ತಿಂಗಳಲ್ಲಿ ಆ ಕೆಲಸ ಅವಳಿಗೆ ಸಿಗುವುದು ಖಂಡಿತ ಎಂದು ಗೊತ್ತಾಯಿತು.

"ಹಸಿ ಮರ" ಎಂದೆ.

ಅಂಗಡಿಯವರು ತಲೆ ಎತ್ತಿದರು. "ಹಸಿ? ಎರಡ ವರ್ಷದಿಂದ ಅಂಗಡ್ಯಾಗ ತೂಗಾಕತ್ತೈತ್ರಿ ಮಿಸ್ತ್ರಿ."

"ಮ್ಯಾಲ ಒಣಗೇತಿ. ಒಳಗ ಹಸಿ ಐತಿ. ನಮ್ಮ ಬ್ಯಾಸಿಗಿಗೆ ಸೀಳತೈತಿ."

ಅವರು ಅದನ್ನು ತಿರುಗಿಸಿ ನೋಡಿದರು. "ನೀವ ಅಂದ್ರ ಮುಗೀತು ಬಿಡ್ರಿ" ಎಂದು ಅದನ್ನು ಬದಿಗಿಟ್ಟರು.

"ಖರೇನಪ್ಪಾ? ಕೇಳಾಕ ಇದ ಛಲೋ ಅನಸ್ತಲ್ಲ" ಎಂದಳು ಮಗಳು.

"ಬಾರಸೋದು ನಿನ್ನ ಕೆಲಸ. ಮರ ನೋಡೋದು ನಂದು."

ಅವಳು ಮತ್ತೆ ಕೇಳಲಿಲ್ಲ. ತನ್ನ ಕಿವಿಗಿಂತ ನನ್ನ ಗೆಣ್ಣನ್ನು ಹೆಚ್ಚು ನಂಬಿದಳು. ಭಾರದ್ದನ್ನು ಕಟ್ಟಿಸಿಕೊಂಡು ಬಂದೆವು.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಅವಳು ದಿನವೂ ಕೂತಳು. ಎತ್ತರದ ತಂತಿ ಒತ್ತಿ ಒತ್ತಿ ಎಡಗೈಯ ಬೆರಳ ತುದಿಗಳು ಬಿರಿದವು. ಅರಿಶಿನ ಹಚ್ಚಿಕೊಂಡು ಮತ್ತೆ ಕೂತಳು. "ಅಪ್ಪಾ, ತಂತಿ ಭಾಳ ಮ್ಯಾಲ ಅದಾವು. ಕೆಳಗ ಇಳಸಾಕ ಬರತೈತೇನು?" ಎಂದು ಕೇಳಿದಳು. ಬರುತ್ತಿತ್ತು. ತಂತಿಗಳು ಹಾಯುವ ಸಣ್ಣ ಬಿಳಿ ಪಟ್ಟಿಯನ್ನು ತೆಗೆದು, ಅದರ ತಳವನ್ನು ಮರಳು ಕಾಗದಕ್ಕೆ ಉಜ್ಜಿದರೆ ಆಗುತ್ತಿತ್ತು. ಅರ್ಧ ತಾಸಿನ ಕೆಲಸ. ಮರಳು ಕಾಗದ ನನ್ನ ಕೈಯ ಹತ್ತಿರವೇ ಇತ್ತು. "ಅದನ್ನ ಮುಟ್ಟಿದ್ರ ಕೆಡತೈತವ್ವಾ" ಎಂದೆ.

ಮೇ ತಿಂಗಳಲ್ಲಿ ಅವಳ ಜೊತೆ ಆ ಶಾಲೆಗೆ ಹೋಗಿ ಹೊರಗೆ ಬೇವಿನ ಮರದ ಕೆಳಗೆ ಕೂತೆ. ಕಿಟಕಿಯಿಂದ ಕೇಳುತ್ತಿತ್ತು. ಶುರು ಮಾಡಿದಳು, ತಂತಿ ಮೊಂಡಾಗಿ ನುಡಿಯಿತು, ನಿಲ್ಲಿಸಿದಳು. ಮತ್ತೆ ಶುರು ಮಾಡಿದಳು. ಮೂರನೇ ಸಲಕ್ಕೆ ಯಾರೋ ಮೆಲ್ಲಗೆ ಏನೋ ಹೇಳಿದರು. ಇನ್ನೊಂದು ವರ್ಷ ಅಭ್ಯಾಸ ಮಾಡಿ ಬನ್ನಿ ಎಂದರಂತೆ.

ಬಸ್ಸಿನಲ್ಲಿ ಅವಳು ಕೈ ಬಿಚ್ಚಿ ಬೆರಳು ನೋಡಿಕೊಂಡಳು. "ನನ್ನ ಬೆರಳಿನ್ಯಾಗ ಇಲ್ಲಪ್ಪ ಅದು. ಹಳೇದು ಹೆಂಗೋ ನಡೀತು. ಹೊಸಾದು ಛಲೋದು ಕೈಯಾಗ ಬಂದ ಮ್ಯಾಲ ಗೊತ್ತಾತು, ನನಗ ಬರಂಗಿಲ್ಲಂತ."

"ಹೋಗ್ಲಿ ಬಿಡವ್ವಾ" ಎಂದೆ. ಆಗ ನನಗೆ ಸಮಾಧಾನವಾಯಿತು. ಅದನ್ನು ಬರೆಯದೆ ಹೋದರೆ ಇಲ್ಲಿಯವರೆಗೆ ಬರೆದದ್ದು ಅರ್ಧ ಸುಳ್ಳಾಗುತ್ತದೆ.

ಮಳೆಗಾಲದ ಮೊದಲು ಅಕ್ಕ ಮುಂದೆ ನಿಂತು ಅವಳನ್ನು ಕುಷ್ಟಗಿಗೆ ಕಳಿಸಿದಳು. ಮಗಳು ಒಲ್ಲೆ ಎನ್ನಲಿಲ್ಲ. ಗಿಟಾರನ್ನು ಒಯ್ಯಲಿಲ್ಲ. ನಾನು ಹಬ್ಬಕ್ಕೆ ಹೋಗಿ ಬರುತ್ತಿದ್ದೆ. "ಆರಾಮ ಅದೀಯೇನವ್ವಾ" ಎಂದರೆ "ಅದೀನಪ್ಪ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ನಾನೂ ಕೇಳುತ್ತಿರಲಿಲ್ಲ.

ಹೀಗೆ ಐದು ವರ್ಷ ಹೋದವು. ಈ ಬೇಸಿಗೆಯಲ್ಲಿ ಕೊಪ್ಪಳದ ಆ ಅಂಗಡಿಗೆ ಒಂದು ಹಾರ್ಮೋನಿಯಂ ಪೆಟ್ಟಿಗೆ ಕೊಡಲು ಹೋಗಿದ್ದೆ. ಅಂಗಡಿಯವರು ನನ್ನನ್ನು ಕಂಡಕೂಡಲೇ ನಗತೊಡಗಿದರು.

"ಮಿಸ್ತ್ರಿ, ನಿಮ್ಮ ಮಾತೂ ಒಮ್ಮೆ ಸುಳ್ಳಾತ ನೋಡ್ರಿ! ಆ ಹಸಿ ಮರದ ಗಿಟಾರ್ ನೆನಪೈತೇನು? ಯಲಬುರ್ಗಾದ ಒಬ್ಬ ಮಾಸ್ತರು ಒಯ್ದಿದ್ರು. ಇದು ಸೀಳತೈತಿ ಅಂತ ಖರೇ ಹೇಳೇ ಕೊಟ್ಟಿದ್ದೆ. ಮೊನ್ನೆ ತಂತಿ ಹಾಕಿಸಾಕ ತಂದಿದ್ರು. ಕೂದಲೆಳಿಯಷ್ಟೂ ಬಿರುಕ ಇಲ್ಲ. ಆವಾಜ್ ಏನ ಮಾಗೇತಿ ಅಂತೀರಿ!" ಆಮೇಲೆ ನನ್ನ ಮುಖ ನೋಡಿ, "ಅದಕ್ಯಾಕ ಬ್ಯಾಸರ ಮಾಡ್ಕೋತೀರಿ? ಇಷ್ಟ ವರ್ಷದಾಗ ಒಮ್ಮೆ ಕಣ್ಣ ತಪ್ಪತಾವ್ರಿ. ಮನುಷ್ಯಾ ಅಲ್ರೀ?" ಎಂದು ಚಹಾ ತರಿಸಿದರು.

ಕಣ್ಣು ತಪ್ಪಿದ್ದಲ್ಲ ಎಂದು ಅವರಿಗೆ ಹೇಳುವ ಧೈರ್ಯ ಬರಲಿಲ್ಲ. ಮೊದಲು ಹೇಳಬೇಕಾದವಳು ಬೇರೆ ಇದ್ದಳು. ಅಲ್ಲಿಂದ ಗಂಗಾವತಿಗೆ ಹೋಗದೆ ಕುಷ್ಟಗಿ ಬಸ್ಸು ಹತ್ತಿದೆ.

ಮಗಳು ಪಡಸಾಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅತ್ತೆ ಮನೆಯಲ್ಲಿರಲಿಲ್ಲ. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮರ ಹಸಿ ಇರಲಿಲ್ಲ ಎಂಬುದನ್ನು ಹೇಳಿದೆ. ತಂತಿ ಇಳಿಸಲು ಬರುತ್ತಿತ್ತು ಎಂಬುದನ್ನೂ ಹೇಳಿದೆ. ಅವಳ ಕೈ ನಿಲ್ಲಲಿಲ್ಲ. ಆರೇಳು ಹಣ್ಣು ಬಿಡಿಸಿದ ಮೇಲೆ ಕೇಳಿದಳು:

"ಹಗುರ ಇತ್ತಲ್ಲ, ಅದ?"

"ಹೂಂ, ಅದ."

"ನಾ ಅದ ಛಲೋ ಅಂದಿದ್ದೆ."

"ಅಂದಿದ್ದಿ."

"ಹಂಗಾರ ನನ್ನ ಕಿವಿ ಖರೇ ಹೇಳಿತ್ತು. ಐದ ವರ್ಷ ನಾ ನನ್ನ ಬೆರಳಿಗೆ ಬೈಕೋತ ಕುಂತೀನಿ."

ನಾನು ಕೈ ಮುಗಿದೆ. ಅವಳು ನೋಡಲಿಲ್ಲ. ಅಷ್ಟರಲ್ಲಿ ಅಳಿಯ ತನ್ನ ಅಂಗಡಿಯಿಂದ ಬಂದ. "ಯಾವಾಗ ಬಂದ್ರಿ ಮಾವಾರ? ಊರ ಕಡೆ ಮಳಿ ಏನಾರ ಆತೇನ್ರಿ?" ಎಂದು ಚೆನ್ನಾಗಿಯೇ ಮಾತಾಡಿಸಿದ. ಮಗಳು ಎದ್ದು ನೀರಿನ ತಂಬಿಗೆ ಕೊಟ್ಟಳು. ಇಸಿದುಕೊಂಡು ಕುಡಿದ. ಅವಳು ಎರಡು ಮಾರು ದೂರದಲ್ಲಿ ನಿಂತಿದ್ದಳು. ಅವನು ನನ್ನ ಕಡೆ ತಿರುಗಿ, "ಮಾವಾರ, ನಿಮಗ ಚಹಾ ಮಾಡಾಕ ಹೇಳ್ರಿ" ಎಂದ.

ಅವಳು ತಾನೇ ಒಳಗೆ ಹೋಗಿ ಚಹಾ ಮಾಡಿ ತಂದಳು. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ.

ಒಂದೂವರೆ ತಿಂಗಳು ಫೋನ್ ಇರಲಿಲ್ಲ. ನಾನೂ ಮಾಡಲಿಲ್ಲ. ಹೋದ ವಾರ ಅವಳೇ ಮಾಡಿದಳು. ಕ್ಷೇಮ ಸಮಾಚಾರ ಏನೂ ಇಲ್ಲ.

"ಪೆನ್ ಹಿಡಕೊಂಡೀನಿ. ಗಿಟಾರ್ ಹೆಂಗ ನೋಡಬೇಕು, ಒಂದೊಂದ ಹೇಳು."

ಹೇಳಿದೆ. ಕಿಂಡಿಯ ಅಂಚಿನಲ್ಲಿ ಗೆರೆ ಇಳಿದಿದೆಯೋ ಪದರ ಇದೆಯೋ ನೋಡು ಎಂದೆ. ಕುತ್ತಿಗೆಯನ್ನು ಕಣ್ಣಿಗೆ ಹಿಡಿ, ನಾಣ್ಯ ತೂರಿಸಿ ಸಂದು ಅಳೆ, ತಂತಿ ಕಟ್ಟಿದ ಕಡೆ ಹಲಗೆ ಉಬ್ಬಿದ್ದರೆ ಬಿಡು ಎಂದೆ. ಒಂದೊಂದು ಪಟ್ಟಿಯ ಮೇಲೂ ಒತ್ತಿ ನುಡಿಸು, ಎಲ್ಲಾದರೂ ಝಿರ್ ಎಂದರೆ ಬೇಡ ಎಂದೆ. ಒಂದೊಂದು ಮಾತಿಗೂ "ಮುಂದ?" ಎನ್ನುತ್ತಿದ್ದಳು. ಹೊಳಪು ನೋಡಬೇಡ, ಭಾರ ನೋಡಬೇಡ, ಎಲ್ಲ ನೋಡಿದ ಮೇಲೆ ನಿನ್ನ ಕಿವಿ ಏನು ಹೇಳುತ್ತದೋ ಅದನ್ನು ಕೊಂಡುಕೋ ಎಂದೆ.

"ಇದೆಲ್ಲಾ ಖರೇನ?"

"ಖರೇ ಅವ್ವಾ."

"ಮತ್ತೊಮ್ಮೆ ಹೇಳು."

ಮೊದಲಿನಿಂದ ಮತ್ತೆ ಹೇಳಿದೆ. ತಾನು ಬರೆದುಕೊಂಡದ್ದಕ್ಕೆ ತಾಳೆ ನೋಡುತ್ತಿದ್ದಾಳೆ ಎಂದು ಗೊತ್ತಾಯಿತು. ಎಲ್ಲ ಮುಗಿದ ಮೇಲೆ, "ನಾನೂ ಜೋಡಿ ಬರ್ಲೇನವ್ವಾ?" ಎಂದೆ.

"ಬ್ಯಾಡ."

ಎಲ್ಲಿಂದ ಮಾತಾಡುತ್ತಿದ್ದೀ ಎಂದು ಕೇಳುವ ಮೊದಲೇ ಫೋನ್ ಇಟ್ಟಳು. ಅವಳು ಮಾತಾಡುವಾಗ ಹಿಂದೆ ಬಸ್ಸುಗಳ ಸದ್ದು, ಕಂಡಕ್ಟರ್ ಒಬ್ಬ ಊರ ಹೆಸರು ಕೂಗುವ ದನಿ ಕೇಳಿಸುತ್ತಿತ್ತು. ಯಾವ ಊರು ಎಂಬುದು ತಿಳಿಯಲಿಲ್ಲ.