ಮೇಷ್ಟ್ರು ಎಂಬ ಕುದುರೆಯೂ ಅತ್ತಿಗೆಯ ಒದೆ ಪುಸ್ತಕವೂ

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ಅತ್ತಿಗೆ ಲಾಯದ ಬಾಗಿಲಲ್ಲಿ ನಿಂತು ಬೂಸಾ ತೂಗುತ್ತಿದ್ದರು. ಒಳಗಿನಿಂದ ಒಂದು ಬಕೆಟ್ ಹಾರಿ ಬಂದು ಅಂಗಳಕ್ಕೆ ಬಿತ್ತು. ಅದರ ಹಿಂದೆಯೇ ಮೈದುನ ಓಡಿ ಬಂದ. ಅತ್ತಿಗೆ ಅವನ ಮೈಕೈ ನೋಡಿ, ಪೆಟ್ಟಾಗಿಲ್ಲವೆಂದು ಖಾತ್ರಿಯಾದ ಮೇಲೆ ನೋಟ್‌ಬುಕ್ ತೆಗೆದು ಬರೆದರು: ೬.೧೦, ಗಾಳಿ ಇಲ್ಲ, ಎಡಗಾಲು, ಬಕೆಟ್.

"ನಾನು ಸತ್ರೂ ನೀವು ಮೊದಲು ಟೈಮ್ ಬರ್ಕೊಳ್ತೀರಿ ಅಲ್ವಾ ಅತ್ತಿಗೆ?"

"ಮೊದಲು ನಿನ್ನ ನೋಡಿದೆ. ಆಮೇಲೆ ಬರ್ದೆ."

ಅತ್ತಿಗೆಯ ಗಂಡ ತೀರಿಕೊಂಡ ಮೇಲೆ ಲಾಯವನ್ನು ಇವರಿಬ್ಬರೇ ನಡೆಸುತ್ತಿದ್ದರು. ಮೇವು, ಆರೈಕೆ ಅತ್ತಿಗೆಯದು. ಸವಾರಿ ಪಾಠ, ವ್ಯಾಪಾರ ಮೈದುನನದು. ಗಿರಾಕಿಗಳಿಗೂ ಅವರು ಅತ್ತಿಗೆಯೇ.

ಒದ್ದ ಕಂದು ಕುದುರೆಯ ಹೆಸರು ಮೇಷ್ಟ್ರು, ಹತ್ತಿದವರಿಗೆಲ್ಲ ಪಾಠ ಕಲಿಸುತ್ತಿದ್ದುದರಿಂದ. ಮೂರು ವಾರ ಹಸುವಿನಂತೆ ಇರುತ್ತಿದ್ದ. ನಾಲ್ಕನೆಯ ವಾರ ಸುಮ್ಮಸುಮ್ಮನೆ ಎಗರಿ ಬೀಳುತ್ತಿದ್ದ. ಡಾಕ್ಟರು ಕಣ್ಣು, ಹಲ್ಲು, ಬೆನ್ನು ಎಲ್ಲ ನೋಡಿ ದೋಷವಿಲ್ಲ ಎಂದಿದ್ದರು. ಅತ್ತಿಗೆ ಏಳು ತಿಂಗಳು ಗಾಳಿ, ಮೇವು, ಹತ್ತಿರ ಹೋದವರ ಬಟ್ಟೆಯ ಬಣ್ಣ ಕೂಡ ಬರೆದರು. ಮನೆಯಲ್ಲಿ ಅದಕ್ಕೆ ಒದೆ ಪುಸ್ತಕ ಎಂದೇ ಹೆಸರು. ಕಾರಣ ಮಾತ್ರ ಸಿಗಲಿಲ್ಲ.

"ಹತ್ತು ಗಂಟೆಗೆ ಒಬ್ಬರು ನೋಡೋಕೆ ಬರ್ತಾರೆ," ಎಂದ ಮೈದುನ. "ಮಾರಿ ಕೈ ತೊಳ್ಕೊಳ್ತೀನಿ. ಆಗ್ಲಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ ಸಾಯೋ ಸೂಜಿ ಹಾಕ್ಸೋದೇ."

ಬಂದವರ ಜೊತೆ ಒಂಬತ್ತು ವರ್ಷದ ಮಗಳಿದ್ದಳು. ಮೇಷ್ಟ್ರು ಅವತ್ತು ಬಲು ಸಾಧು. ಹುಡುಗಿ ಜೀನಿನ ರಿಕಾಪಿಗೆ ಕಾಲಿಟ್ಟೂ ಆಯಿತು.

"ಬೀಳಿಸುತ್ತಾ?" ಎಂದು ಅಪ್ಪ ಕೇಳಿದರು.

"ಒಂದೋ ಎರಡೋ ಸಲ," ಎಂದ ಮೈದುನ.

"ಹದಿನೇಳು ಸಲ," ಎಂದರು ಅತ್ತಿಗೆ. "ಒಂದು ಕೈ ಮುರಿದಿದೆ. ನನ್ನದೇ."

ಅಪ್ಪ ಮಗಳನ್ನು ಮೆಲ್ಲಗೆ ಇಳಿಸಿಕೊಂಡು, ಥ್ಯಾಂಕ್ಸ್ ಹೇಳಿ, ಹಿಂದೆ ನೋಡದೆ ಹೋದರು.

"ನಿಮ್ಮ ಬಾಯಿಗೆ ಬೀಗ ಹಾಕ್ಬೇಕಿತ್ತು."

"ಆ ಮಗು ಕಾಲಿಗೆ ಪ್ಲಾಸ್ಟರ್ ಹಾಕೋಕಿಂತ ಇದೇ ವಾಸಿ."

"ಹಾಗಾದ್ರೆ ಸೂಜಿಗೆ ಹೇಳಿಬಿಡ್ಲಾ?"

ಅತ್ತಿಗೆ ಪುಸ್ತಕದ ಹಾಳೆಗಳನ್ನು ಮೊದಲಿನಿಂದ ಮಗುಚಿದರು. "ತಪ್ಪು ನಂದೇ ಕಣೋ. ಇಲ್ಲಿರೋದೆಲ್ಲ ಮನುಷ್ಯರು ಹತ್ರ ಹೋದಾಗಿನದ್ದು. ಕುದುರೆಗಳ ಜೊತೆ ಹೇಗಿರ್ತಾನೆ ಅಂತ ಒಂದು ಸಾಲೂ ಬರ್ದಿಲ್ಲ. ಹದಿನೈದು ದಿನ ಕೊಡು."

ಆ ವಾರವಷ್ಟೇ ಮೂರು ಕುದುರೆಮರಿಗಳಿಗೆ ಹಾಲು ಬಿಡಿಸಿದ್ದರು. ಅವು ತಾಯಿಗಾಗಿ ಕೆನೆದು ಕೆನೆದು ಗಂಟಲು ಕಟ್ಟಿಕೊಂಡಿದ್ದವು. ಅತ್ತಿಗೆ ಮೇಷ್ಟ್ರನ್ನು ಪಕ್ಕದ ಹುಲ್ಲುಗಾವಲಿಗೆ ಬಿಟ್ಟರು, ನಡುವೆ ಬೇಲಿ. ಮೂರನೆಯ ದಿನ ಮರಿಗಳು ಕೂಗು ನಿಲ್ಲಿಸಿ ಬೇಲಿಗೆ ಒರಗಿ ಮಲಗಿದವು. ಐದನೆಯ ದಿನ ಅತ್ತಿಗೆ ಗೇಟು ತೆಗೆದು, ಗಡಿಯಾರ ಹಿಡಿದು ಎರಡು ಗಂಟೆ ನಿಂತರು. ಒಂದು ಮರಿ ನೇರ ಹೋಗಿ ಮೇಷ್ಟ್ರ ಬಾಲ ಕಚ್ಚಿ ಎಳೆಯಿತು. ಮೈದುನ ಕಣ್ಣು ಮುಚ್ಚಿಕೊಂಡ. ಮೇಷ್ಟ್ರು ತಿರುಗಿ ಒಮ್ಮೆ ನೋಡಿ, ಮತ್ತೆ ಹುಲ್ಲಿಗೆ ಬಾಯಿ ಹಾಕಿದ.

"ಸೂಜಿ ಬೇಡ," ಎಂದ ಮೈದುನ, ಒಂದು ಕಣ್ಣು ಮಾತ್ರ ತೆರೆದು.

ಆಮೇಲೆ ಯಾರೂ ಮೇಷ್ಟ್ರನ್ನು ಹತ್ತಲಿಲ್ಲ. ಮೇವು ಬೇಲಿಯಾಚೆಯಿಂದಲೇ. ಗೊರಸು ಕತ್ತರಿಸುವ ದಿನ ಡಾಕ್ಟರು ಮಂಪರಿನ ಮದ್ದು ಕೊಡುತ್ತಿದ್ದರು.

ಏಳು ವರ್ಷದ ಮೇಲೆ, ಸವಾರಿ ಕಲಿಯಲು ಬಂದ ಹೊಸಬಳೊಬ್ಬಳು ಮೇಷ್ಟ್ರನ್ನು ತೋರಿಸಿ ಕೇಳಿದಳು: "ಸವಾರಿಗೂ ಇಲ್ಲ, ಗಾಡಿಗೂ ಇಲ್ಲ. ಇವನ ಕೆಲಸ ಏನು ಅತ್ತಿಗೆ?"

"ಮರಿ ಸಾಕೋದು," ಎಂದರು ಅತ್ತಿಗೆ. "ಇದುವರೆಗೆ ಇಪ್ಪತ್ತಮೂರು."